ರಜೆಯ ಮನೆಯ ಕ್ರಯಪತ್ರ ಎಲ್ಲಿದೆ?

ವಿದೇಶದಲ್ಲಿ ರಜೆ ಕಳೆಯಲೆಂದು ಮನೆ ಕೊಳ್ಳುವವರು ನನ್ನ ಕಚೇರಿಗೆ ಬರುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ: ಮುಂಗಡ ಕಟ್ಟಿದ ಮೇಲೆ, ಇಲ್ಲವೇ ಮೊದಲ ನೋಟಿಸು ಬಂದ ಮೇಲೆ. ಮುಂಗಡ ಕಟ್ಟುವ ಮುನ್ನವೇ ಬಂದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿಬಿಡಬಹುದು. ಬಂದವರು ಮೇಜಿನ ಮೇಲೆ ಹರಡುವ ಕಾಗದಗಳೂ ಹೆಚ್ಚುಕಡಿಮೆ ಒಂದೇ: ಬಾಲ್ಕನಿಯಿಂದ ಕಾಣುವ ಹಿಮದ ಬೆಟ್ಟದ ಫೋಟೊ, ಕೋಣೆಗಳ ನಕ್ಷೆ, ದಲ್ಲಾಳಿ ಕೊಟ್ಟ ಮಿರುಗುವ ಪುಸ್ತಿಕೆ. ಸಂಘದ ಅಢಾವೆ ಪತ್ರಿಕೆ, ಅಂದರೆ ಅದರ ಆಸ್ತಿ-ಸಾಲಗಳ ಲೆಕ್ಕ, ಎಲ್ಲಿ ಎಂದು ಕೇಳಿದರೆ, "ಯಾವ ಸಂಘ? ನಾವು ಕೊಂಡಿರುವುದು ಮನೆಯಲ್ಲವೇ?" ಎಂಬ ಮರುಪ್ರಶ್ನೆ ಬರುತ್ತದೆ. ಇದನ್ನು ಬರೆಯಲು ಕುಳಿತಿರುವುದೇ ಆ ಮರುಪ್ರಶ್ನೆಯ ಕಾಟ ತಾಳಲಾರದೆ.

ಸಹಕಾರ ಸಂಘದ ಕಟ್ಟಡದಲ್ಲಿ ಮನೆ ಕೊಂಡವರು ಮನೆಯನ್ನು ಕೊಂಡಿರುವುದಿಲ್ಲ. ನೆಲ, ಕಟ್ಟಡ, ಮೆಟ್ಟಿಲು, ನೀವು ಮಲಗುವ ಕೋಣೆಯ ಗೋಡೆ, ಗೋಡೆಯೊಳಗಿನ ನೀರಿನ ಪೈಪು, ಎಲ್ಲಕ್ಕೂ ಒಡೆತನ ಸಂಘದ್ದು. ನೀವು ಕೊಟ್ಟ ಹಣಕ್ಕೆ ದೊರಕುವುದು ಸಂಘದಲ್ಲಿ ಒಂದು ಪಾಲು, ಮತ್ತು ಆ ಪಾಲಿನ ಬೆನ್ನಿಗೆ ಅಂಟಿಕೊಂಡು ಬರುವ, ಇಂಥ ನಂಬರಿನ ಮನೆಯಲ್ಲಿ ವಾಸಿಸುವ ಹಕ್ಕು. ಸ್ವೀಡನ್ನಿನಲ್ಲಿ ಇದಕ್ಕೆ ಬೂಸ್ಟಾಡ್ಸ್‌ರೆಟ್ ಎನ್ನುತ್ತಾರೆ, 1991ರ ಕಾಯ್ದೆ ಇದನ್ನು ಆಳುತ್ತದೆ. ನಾರ್ವೆಯ ಬೂರೆಟ್ಸ್‌ಲಾಗ್‌ಗೆ 2003ರ ಕಾಯ್ದೆಯಿದೆ. ನ್ಯೂಯಾರ್ಕಿನಲ್ಲಿ ಸಂಘವು ಕಂಪನಿಯ ರೂಪದಲ್ಲಿದ್ದು, ಷೇರುಪತ್ರದ ಜೊತೆಗೆ ದೀರ್ಘಾವಧಿಯ ಗುತ್ತಿಗೆಯೊಂದನ್ನು ಕೊಡುತ್ತದೆ. ಫಿನ್ಲೆಂಡಿನದು ಕಟ್ಟುನಿಟ್ಟಾಗಿ ನೋಡಿದರೆ ಸಹಕಾರ ಸಂಘವಲ್ಲ, ವಸತಿ ಕಂಪನಿ. ಆದರೆ ಕೊಳ್ಳುವವರ ಮಟ್ಟಿಗೆ ಸುಳಿ ಒಂದೇ. ಪ್ರತಿ ದೇಶದ ವಿವರ ಬೇರೆಯಾದ್ದರಿಂದ ಇಲ್ಲಿ ಬರೆದುದನ್ನು ಯಾರೂ ತಮ್ಮ ವ್ಯವಹಾರಕ್ಕೆ ಕೊಟ್ಟ ಅಭಿಪ್ರಾಯವೆಂದು ಭಾವಿಸಬಾರದು. ಆಯಾ ದೇಶದ ವಕೀಲರನ್ನು ಕಾಣಲೇಬೇಕು.

ಇಷ್ಟನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸಿದ ಮೇಲೆ ಅವರು ಕೇಳುವ ಪ್ರಶ್ನೆಯಿಂದಲೇ ಅರ್ಥವಾಗಿಲ್ಲವೆಂದು ತಿಳಿಯುತ್ತದೆ: "ಹಾಗಾದರೆ ಮನೆಯ ಮೇಲೆ ಸಾಲವೇನೂ ಇಲ್ಲ ತಾನೆ?" ಮಾರುವವರು ತಮ್ಮ ಪಾಲನ್ನು ಬ್ಯಾಂಕಿಗೆ ಅಡವಿಟ್ಟಿದ್ದಾರೆಯೇ ಎಂಬುದನ್ನು ನೋಡಬೇಕು, ನಿಜ, ಸ್ವೀಡನ್ನಿನಲ್ಲಿ ಆ ಅಡವು ಸಂಘವೇ ಇಟ್ಟುಕೊಂಡಿರುವ ಮನೆಗಳ ಪಟ್ಟಿಯಲ್ಲಿ ದಾಖಲಾಗುತ್ತದೆ, ಅದರ ನಕಲನ್ನು ಪಡೆಯಬೇಕು. ಆದರೆ ದೊಡ್ಡ ಸಾಲ ಅಲ್ಲಿರುವುದಿಲ್ಲ. ಅದು ಇರುವುದು ಸಂಘದ ಹೆಸರಿನಲ್ಲಿ. ಸಂಘ ಕಟ್ಟಡ ಕಟ್ಟಲು, ಕೊಳ್ಳಲು ಅಥವಾ ದುರಸ್ತಿ ಮಾಡಿಸಲು ಸಾಲ ಮಾಡಿರುತ್ತದೆ, ಆ ಸಾಲದ ಬಡ್ಡಿ ಮತ್ತು ಕಂತನ್ನು ಸದಸ್ಯರ ಮಾಸಿಕ ವಂತಿಗೆಯಿಂದ ತೀರಿಸುತ್ತದೆ. ಪಾಲು ನಿಮ್ಮದಾದ ದಿನವೇ ಆ ಸಾಲದ ಒಂದು ಭಾಗವನ್ನು ತೀರಿಸುವ ಹೊಣೆಯೂ ನಿಮ್ಮದಾಗುತ್ತದೆ, ನೀವು ಯಾವ ಬ್ಯಾಂಕಿನಲ್ಲೂ ಸಹಿ ಹಾಕದಿದ್ದರೂ.

ನಾರ್ವೆಯ ಜಾಹೀರಾತುಗಳಲ್ಲಿ ಇದನ್ನು ಮುಚ್ಚಿಡುವುದಿಲ್ಲ. ಕೇಳುವ ಬೆಲೆ ಒಂದು ಸಾಲು, ಸಾಮೂಹಿಕ ಸಾಲದ ಪಾಲು ಇನ್ನೊಂದು ಸಾಲು, ಎರಡನ್ನೂ ಕೂಡಿದ ಒಟ್ಟು ಬೆಲೆ ಮತ್ತೊಂದು ಸಾಲು. ನನ್ನಲ್ಲಿಗೆ ಬಂದಿದ್ದ ದಂಪತಿ ಮೊದಲ ಸಾಲನ್ನು ಮಾತ್ರ ಓದಿದ್ದರು. 15 ಲಕ್ಷ ಕ್ರೋನರ್ ಎಂದಿತ್ತು, ಅಗ್ಗವೆಂದು ಹಿಗ್ಗಿದ್ದರು. ಅದರ ಕೆಳಗೆ 21 ಲಕ್ಷ ಕ್ರೋನರ್ ಸಾಲವಿತ್ತು. ಮೊದಲ ಕೆಲವು ವರ್ಷ ಸಂಘ ಬಡ್ಡಿ ಮಾತ್ರ ಕಟ್ಟುತ್ತಿದ್ದುದರಿಂದ ವಂತಿಗೆ ಹಗುರವಾಗಿತ್ತು. ಅಸಲಿನ ಕಂತು ಶುರುವಾಗುವ ವರ್ಷ ಕರಾರಿನಲ್ಲೇ ಬರೆದಿತ್ತು, ಆ ವರ್ಷ ವಂತಿಗೆ ಜಿಗಿಯಿತು. "ನಮಗೆ ಮೋಸವಾಗಿದೆ" ಎಂದು ಬಂದವರಿಗೆ ಮೋಸವಾಗಿಲ್ಲವೆಂದು ಒಪ್ಪಿಸಲು ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಒಳ್ಳೆಯ ಜನ, ಈಗಲೂ ಹಬ್ಬಕ್ಕೆ ಶುಭಾಶಯ ಕಳಿಸುತ್ತಾರೆ, ಮನೆಯ ಮಾತು ಮಾತ್ರ ಎತ್ತುವುದಿಲ್ಲ.

ಸ್ವೀಡನ್ನಿನಲ್ಲಿ ಸಂಗತಿ ಇನ್ನಷ್ಟು ಸೂಕ್ಷ್ಮ, ಏಕೆಂದರೆ ಅಲ್ಲಿ ಕೊಳ್ಳುವ ಬೆಲೆಗೆ ಸಂಘದ ಸಾಲವನ್ನು ಕೂಡಿಸಿ ತೋರಿಸುವ ರೂಢಿಯಿಲ್ಲ. ಅದನ್ನು ವಾರ್ಷಿಕ ವರದಿಯಲ್ಲಿ ಚದರ ಮೀಟರಿಗೆ ಇಷ್ಟು ಎಂಬ ಅಂಕಿಯಾಗಿ ಹುಡುಕಬೇಕು. 2022ರ ಆರಂಭದಲ್ಲಿ ಶೂನ್ಯವಾಗಿದ್ದ ಅಲ್ಲಿನ ಕೇಂದ್ರ ಬ್ಯಾಂಕಿನ ಬಡ್ಡಿದರ 2023ರ ಸೆಪ್ಟೆಂಬರ್ ಹೊತ್ತಿಗೆ ಶೇ 4ಕ್ಕೆ ಏರಿದಾಗ, ತುಂಬ ಸಾಲ ಮಾಡಿಕೊಂಡಿದ್ದ ಸಂಘಗಳ ಸದಸ್ಯರಿಗೆ ಆ ಅಂಕಿಯ ಅರ್ಥ ತಾನಾಗಿ ತಿಳಿಯಿತು. ನೆಲದ ಪ್ರಶ್ನೆ ಬೇರೆ. ಕೆಲವು ಸಂಘಗಳಿಗೆ ಕಟ್ಟಡ ಮಾತ್ರ ಸ್ವಂತ, ನೆಲ ನಗರಸಭೆಯಿಂದಲೋ ಖಾಸಗಿ ಒಡೆಯರಿಂದಲೋ ಪಡೆದ ಗುತ್ತಿಗೆಯದು. ನ್ಯೂಯಾರ್ಕಿನಲ್ಲೂ ಇಂಥವು ಇವೆ. ನೆಲಬಾಡಿಗೆಯನ್ನು ಮತ್ತೆ ನಿಗದಿ ಮಾಡುವ ವರ್ಷ ಯಾವುದೆಂದು ತಿಳಿಯದೆ ಅಂಥ ಕಡೆ ಪಾಲು ಕೊಳ್ಳುವುದು ಕಣ್ಣುಕಟ್ಟಿಕೊಂಡು ಬಾವಿಯ ಕಟ್ಟೆಯ ಮೇಲೆ ನಡೆದಂತೆ.

ಹಾಗಾಗಿ ನಾನು ಕೇಳುವ ಕಾಗದಗಳು ಮನೆಯದಲ್ಲ, ಸಂಘದವು. ಮೂರು ವರ್ಷಗಳ ವಾರ್ಷಿಕ ವರದಿ, ಯಾವ ಸಾಲದ ಬಡ್ಡಿದರ ಯಾವ ತಿಂಗಳು ಬದಲಾಗುತ್ತದೆ ಎಂಬ ಪಟ್ಟಿ, ಸಂಘದ ಉಪನಿಯಮಗಳು, ಕಳೆದ ಎರಡು ಸರ್ವಸದಸ್ಯರ ಸಭೆಗಳ ನಡಾವಳಿ. ಇವುಗಳಲ್ಲಿ ನಡಾವಳಿಯ ಮೇಲೆ ನನಗೆ ವಿಶೇಷ ಪ್ರೀತಿ. ನಿವೃತ್ತ ಲೆಕ್ಕಪರಿಶೋಧಕಿಯೊಬ್ಬರು ಸ್ವೀಡಿಷ್ ಸಂಘವೊಂದರ ನಡಾವಳಿಯನ್ನು ಅನುವಾದ ಮಾಡಿಸಿಕೊಂಡು, ಪೆನ್ಸಿಲಿನಲ್ಲಿ ಗೀಟು ಹಾಕಿ ತಂದಿದ್ದರು. ಏಳನೆಯ ವಿಷಯದ ಕೆಳಗೆ ಎರಡೇ ಸಾಲು: ಕೊಳವೆಗಳೊಳಗೆ ಕ್ಯಾಮೆರಾ ಇಳಿಸಿ ಪರಿಶೀಲಿಸಲಾಯಿತು, ವರದಿಯನ್ನು ಸಂಘದ ಆಡಳಿತ ಮಂಡಳಿ ಸ್ವೀಕರಿಸಿತು. ಕಟ್ಟಡ 1965ರಿಂದ 1974ರವರೆಗೆ ಆ ದೇಶ ಹತ್ತು ಲಕ್ಷ ಮನೆ ಕಟ್ಟಿಸಿದ ಕಾಲದ್ದು. "ಇದು ಪೈಪು ಪೂರ್ತಿ ಬದಲಿಸುವ ಮುನ್ಸೂಚನೆಯಲ್ಲವೇ?" ಎಂದರು. ಹೌದು, ಬಚ್ಚಲು ಅಡುಗೆಮನೆ ಎಲ್ಲ ಕಿತ್ತು ಹಾಕುವ ಕೆಲಸ ಅದು, ಅದರ ಸಾಲವೂ ಸಂಘದ ತಲೆಯ ಮೇಲೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇಷ್ಟು ಚೆನ್ನಾಗಿ ಪಾಲಿಸಿದ ಕಕ್ಷಿದಾರರನ್ನು ನಾನು ಅವರ ಹಿಂದೆಯೂ ಕಾಣಲಿಲ್ಲ, ಮುಂದೆಯೂ ಕಾಣಲಿಲ್ಲ.

ಸಾಲದ ಮಾತನ್ನು ಹೇಗೋ ಒಪ್ಪಿಸಬಹುದು. ಒಪ್ಪಿಸಲಾಗದೆ ನಾನು ಸೋಲುವುದು ಅನುಮತಿಯ ವಿಷಯದಲ್ಲಿ. ದುಡ್ಡು ಕೊಟ್ಟಿದ್ದೇವೆ, ನಮ್ಮ ಮನೆಯನ್ನು ನಾವು ಬಾಡಿಗೆಗೆ ಕೊಡಲು ಇನ್ನೊಬ್ಬರನ್ನು ಯಾಕೆ ಕೇಳಬೇಕು ಎಂಬುದು ಸಹಜವಾದ ಸಿಟ್ಟು. ಆದರೆ ಈ ಸಂಘಗಳು ಹುಟ್ಟಿದ್ದೇ ಅಲ್ಲಿ ವಾಸಿಸುವವರಿಗೆ ವಸತಿ ಒದಗಿಸಲು. ಬಾಡಿಗೆಗೆ ಕೊಡಲು ಸಂಘದ ಅನುಮತಿ ಬೇಕೆಂಬ ನಿಯಮಗಳನ್ನು ಬರೆದದ್ದೇ ವರ್ಷಕ್ಕೆ ಆರು ವಾರ ಬಂದು ಹೋಗುವಂಥ ಒಡೆಯರನ್ನು ತಡೆಯಲು. ಎರಡು ತಿಂಗಳು ನಾವಿರುತ್ತೇವೆ, ಉಳಿದ ಹತ್ತು ತಿಂಗಳ ಬಾಡಿಗೆಯಲ್ಲಿ ಕಂತು ಕಟ್ಟುತ್ತೇವೆ ಎಂಬ ಲೆಕ್ಕ ಹಾಳೆಯ ಮೇಲೆ ಅಂದವಾಗಿ ಕೂಡುತ್ತದೆ. ನಾರ್ವೆಯ ಕಾಯ್ದೆಯ ಸಾಮಾನ್ಯ ನಿಯಮವೇನೆಂದರೆ, ಕಳೆದ ಎರಡು ವರ್ಷಗಳಲ್ಲಿ ಒಂದು ವರ್ಷವಾದರೂ ಸ್ವತಃ ವಾಸವಾಗಿದ್ದವರು ಮಂಡಳಿಯ ಒಪ್ಪಿಗೆ ಪಡೆದು ಮೂರು ವರ್ಷದವರೆಗೆ ಬಾಡಿಗೆಗೆ ಕೊಡಬಹುದು; ಅದಲ್ಲದೆ, ತಾವೇ ವಾಸವಿರುವವರು ವರ್ಷಕ್ಕೆ 30 ದಿನ ಇಡೀ ಮನೆಯನ್ನು ಬಿಟ್ಟುಕೊಡಬಹುದು. ರಜೆಗೆ ಮಾತ್ರ ಬರುವವರು ಮೊದಲ ಷರತ್ತನ್ನೇ ಪೂರೈಸುವುದಿಲ್ಲ. ಸ್ವೀಡನ್ನಿನಲ್ಲಿ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಕೊಟ್ಟರೆ ವಾಸದ ಹಕ್ಕನ್ನೇ ಕಳೆದುಕೊಳ್ಳುವ ಅಪಾಯವಿದೆ. ಫಿನ್ಲೆಂಡಿನ ವಸತಿ ಕಂಪನಿ, ವಂತಿಗೆ ಬಾಕಿ ಉಳಿಸಿಕೊಂಡವರ ಮನೆಯನ್ನು ಸಭೆಯ ನಿರ್ಣಯದ ಮೂಲಕ ಮೂರು ವರ್ಷದವರೆಗೆ ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಕಂಪನಿಯ ಹೆಸರಿನಲ್ಲಿ ಕೊಂಡು ಜಾಣತನ ತೋರಲು ಹೊರಟವರಿಗೂ ಒಂದು ಮಾತು: ನಾರ್ವೆಯ ಬೂರೆಟ್ಸ್‌ಲಾಗ್‌ನಲ್ಲಿ ಸಾಮಾನ್ಯವಾಗಿ ವ್ಯಕ್ತಿಗಳು ಮಾತ್ರ ಪಾಲುದಾರರಾಗಬಹುದು, ಅದೂ ಒಂದು ಸಂಘದಲ್ಲಿ ಒಂದೇ ಪಾಲು.

ಒಳಗೆ ಬರುವುದಕ್ಕೂ ಅನುಮತಿ ಬೇಕು. ನ್ಯೂಯಾರ್ಕಿನ ಸಂಘದ ಮಂಡಳಿ ಅರ್ಜಿದಾರರನ್ನು ಕಾರಣ ಕೊಡದೆಯೇ ತಿರಸ್ಕರಿಸಬಹುದು, ಕಾನೂನು ನಿಷೇಧಿಸಿದ ತಾರತಮ್ಯ ಮಾಡಬಾರದು ಅಷ್ಟೆ. 1985ರಲ್ಲಿ ಸ್ಯಾನ್ ರೆಮೋ ಕಟ್ಟಡದ ಮಂಡಳಿ ಗಾಯಕಿ ಮಡೋನಾ ಅವರನ್ನೇ ಬೇಡವೆಂದಿತ್ತು. ಆಸ್ತಿಯೆಲ್ಲ ಹೊರದೇಶದಲ್ಲಿರುವ ಅರ್ಜಿದಾರರೆಂದರೆ ಅನೇಕ ಮಂಡಳಿಗಳು ಹಿಂಜರಿಯುತ್ತವೆ, ಏಕೆಂದರೆ ವಂತಿಗೆ ನಿಂತರೆ ವಸೂಲಿ ಕಷ್ಟ. ಒಳಗೆ ಬಂದ ಮೇಲೂ ಮಂಡಳಿಯ ಮಾತಿಗೆ ನ್ಯಾಯಾಲಯಗಳು ತೂಕ ಕೊಡುತ್ತವೆ. ಅಡುಗೆಮನೆ ನವೀಕರಿಸುವಾಗ ಉಗಿಯ ಪೈಪನ್ನು ಸರಿಸಲು ಹೊರಟ ಷೇರುದಾರರೊಬ್ಬರ ಕೆಲಸವನ್ನು ಮಂಡಳಿ ತಡೆದ ಪ್ರಕರಣದಲ್ಲಿ, ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 1990ರಲ್ಲಿ, ಮಂಡಳಿ ತನ್ನ ಅಧಿಕಾರದ ವ್ಯಾಪ್ತಿಯಲ್ಲಿ, ಸದುದ್ದೇಶದಿಂದ, ಸಂಘದ ಹಿತಕ್ಕಾಗಿ ನಿರ್ಧರಿಸಿದ್ದರೆ ತಾನು ಕೈಹಾಕುವುದಿಲ್ಲ ಎಂಬ ತತ್ವವನ್ನು ನಿಲ್ಲಿಸಿತು. 2003ರಲ್ಲಿ ಅದೇ ನ್ಯಾಯಾಲಯ, ನಡವಳಿಕೆ ಆಕ್ಷೇಪಾರ್ಹವೆಂದು ಷೇರುದಾರರು ಮತ ಹಾಕಿ ಒಬ್ಬರ ಗುತ್ತಿಗೆಯನ್ನೇ ಕೊನೆಗೊಳಿಸಿದ್ದನ್ನು ಎತ್ತಿಹಿಡಿಯಿತು. ಪೈಪು ಸರಿಸುವುದೂ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲದ ಮನೆಯನ್ನು ಕೊಳ್ಳುತ್ತಿದ್ದೀರಿ ಎಂಬುದು ಗಮನದಲ್ಲಿರಲಿ.

ಡೆನ್ಮಾರ್ಕಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಹೊರಗಿನವರು ರಜೆಯ ಮನೆ ಕೊಳ್ಳುವುದರ ಮೇಲೆ ನಿರ್ಬಂಧವಿದೆ. ಅದನ್ನು ಉಳಿಸಿಕೊಳ್ಳಲೆಂದೇ ಯುರೋಪಿಯನ್ ಒಕ್ಕೂಟಕ್ಕೆ ಅಡಿಪಾಯ ಹಾಕಿದ 1992ರ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಪ್ರತ್ಯೇಕ ಅನುಬಂಧ ಸೇರಿಸಿಕೊಂಡ ದೇಶ ಅದು. ಜೊತೆಗೆ ಅಲ್ಲಿನ ವಸತಿ ಸಂಘದ ಪಾಲಿಗೆ ಕಾನೂನಿನ ಗರಿಷ್ಠ ಬೆಲೆಯಿದೆ. ಅದನ್ನು ಮೀರಿಸಲು ಹಳೆಯ ಸೋಫಾ, ಪರದೆಗಳನ್ನು ಬಂಗಾರದ ಬೆಲೆಗೆ ಕಟ್ಟುವ ಮಾರಾಟಗಾರರು ಸಿಕ್ಕರೆ, ಸೋಫಾದ ಮೇಲೆ ಕೂರುವ ಮೊದಲೇ ಎದ್ದು ಬನ್ನಿ.

ಸ್ಪೇನಿನಲ್ಲಿ ಅಪಾಯದ ರೂಪವೇ ಬೇರೆ. ಅಲ್ಲಿ ವಸತಿ ಸಹಕಾರ ಸಂಘವೆಂದರೆ ಬಹುಮಟ್ಟಿಗೆ ಇನ್ನೂ ಕಟ್ಟಬೇಕಾದ ಮನೆ. ಸೇರಿದವರು ಗ್ರಾಹಕರಷ್ಟೇ ಅಲ್ಲ, ಒಟ್ಟಾಗಿ ತಾವೇ ನಿರ್ಮಾಪಕರು. ವೆಚ್ಚ ಏರಿದರೆ ಹೆಚ್ಚಿನ ಹಣ ತುಂಬುವವರೂ ಅವರೇ. ಮುಂಗಡಕ್ಕೆ ಬ್ಯಾಂಕ್ ಖಾತರಿ ಅಥವಾ ವಿಮೆ ಇರಬೇಕೆಂಬ ನಿಯಮ 1968ರ ಕಾಯ್ದೆಯಿಂದ ಬಂದದ್ದು, 2016ರಿಂದ ಅದು 1999ರ ಕಟ್ಟಡ ಕಾಯ್ದೆಯೊಳಗೆ ಸೇರಿದೆ. ಖಾತರಿಪತ್ರ ನಿಮ್ಮ ಹೆಸರಿನಲ್ಲಿದೆಯೇ, ನೀವು ಕಟ್ಟಿದ ಪ್ರತಿ ಕಂತಿಗೂ ಅನ್ವಯಿಸುತ್ತದೆಯೇ ಎಂದು ನೋಡದೆ ಕೋಣೆಗೆ ಬಣ್ಣ ಆರಿಸುತ್ತ ಕೂರುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಕೆಲಸ. ವರ್ಷದ ಕೆಲವು ವಾರಗಳ ಹಕ್ಕನ್ನು ಸಹಕಾರ ಸಂಘದ ಪಾಲೆಂದು ಮಾರುವವರೂ ಇದ್ದಾರೆ. ಅದು ಈ ವರ್ಗಕ್ಕೆ ಸೇರದ ವ್ಯವಹಾರ. ಯುರೋಪಿಯನ್ ಒಕ್ಕೂಟದಲ್ಲಿ ಅಂಥ ಕರಾರಿನಿಂದ ಹಿಂದೆ ಸರಿಯಲು 14 ದಿನ ಕಾಲಾವಕಾಶವಿದೆ, ಆ ಅವಧಿಯಲ್ಲಿ ಮುಂಗಡ ಕೇಳುವಂತೆಯೂ ಇಲ್ಲ.

ಕೊನೆಗೆ ಯಾರೂ ಕೇಳದ ಪ್ರಶ್ನೆ: ನೀವಿಲ್ಲವಾದ ಮೇಲೆ ಏನು? ಪಾಲನ್ನು ಕೆಲವು ಕಾನೂನುಗಳು ಚರಾಸ್ತಿಯೆಂದು ಎಣಿಸುವುದರಿಂದ ಯಾವ ದೇಶದ ಉತ್ತರಾಧಿಕಾರ ಕಾನೂನು ಅನ್ವಯವಾಗುತ್ತದೆ ಎಂಬುದೇ ಬದಲಾಗಬಹುದು. 2015ರ ಆಗಸ್ಟ್ 17ರಂದು ಮತ್ತು ಅದರ ನಂತರ ಆದ ಸಾವುಗಳಿಗೆ ಯುರೋಪಿಯನ್ ಒಕ್ಕೂಟದ ಬಹುತೇಕ ದೇಶಗಳು ಮೃತರು ಕೊನೆಯಲ್ಲಿ ವಾಡಿಕೆಯಾಗಿ ನೆಲೆಸಿದ್ದ ದೇಶದ ಕಾನೂನನ್ನು ನೋಡುತ್ತವೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಆ ಏರ್ಪಾಟಿನಿಂದ ಹೊರಗಿವೆ. ಅಮೆರಿಕದಲ್ಲಿ ನೆಲೆಸದ ವಿದೇಶಿಯರ ಅಲ್ಲಿನ ಆಸ್ತಿಗೆ, ಈ ಷೇರುಗಳೂ ಸೇರಿದಂತೆ, ಮರಣಾನಂತರದ ತೆರಿಗೆಯಲ್ಲಿ ದೊರಕುವ ವಿನಾಯಿತಿ ಸಾಮಾನ್ಯವಾಗಿ 60,000 ಡಾಲರು ಮಾತ್ರ. ಇವೆಲ್ಲದರ ಮೇಲೆ ವಾರಸುದಾರರೂ ಸದಸ್ಯರಾಗಿ ಒಪ್ಪಿತರಾಗಬೇಕು. ಸ್ವೀಡನ್ನಿನಲ್ಲಿ ಮೃತರ ಆಸ್ತಿಯ ಹೆಸರಿನಲ್ಲಿ ಪಾಲು ಮುಂದುವರಿಯಬಹುದು. ಮೂರು ವರ್ಷ ಕಳೆದ ಮೇಲೆ, ಯಾರು ಸದಸ್ಯರಾಗುತ್ತೀರಿ ಎಂದು ಸಂಘ ಕೇಳಬಹುದು.

ಕಳೆದ ಚಳಿಗಾಲದಲ್ಲಿ ಬಂದ ಯುವಕರೊಬ್ಬರ ಕೈಯಲ್ಲಿ ತಂದೆಯ ಉಯಿಲಿತ್ತು, ಅದರಲ್ಲಿ "ನನ್ನ ಬೇಸಿಗೆ ಮನೆ ಮಗನಿಗೆ" ಎಂದು ಒಂದೇ ಸಾಲು. ಇನ್ನೊಂದು ಕೈಯಲ್ಲಿ ಸಂಘದ ಪತ್ರ: ಸದಸ್ಯತ್ವಕ್ಕೆ ಅರ್ಜಿ ಪರಿಶೀಲನೆಯಲ್ಲಿದೆ, ವಂತಿಗೆಯನ್ನು ಎಂದಿನಂತೆ ಪಾವತಿಸತಕ್ಕದ್ದು. ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ಮುಂದಿನ ಮಂಡಳಿ ಸಭೆ ಮೇ ತಿಂಗಳಲ್ಲಿದೆ. ಅಲ್ಲಿಯವರೆಗೆ ವಂತಿಗೆ ತಪ್ಪದೆ ಕಟ್ಟಿ, ಮನೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ ಎಂದು ಬರೆದುಕೊಟ್ಟೆ.