ಓದುಗರ ಪ್ರಶ್ನೆ: ಬಾವಲಿ ತಿಂದ ಬಾಯಿಂದಲೇ ಹಿಕ್ಕೆ ಹಾಕುತ್ತದೆಯೇ?

ಪ್ರಶ್ನೆ: ಬಾವಲಿಗೆ ಗುದದ್ವಾರವೇ ಇಲ್ಲ, ತಿಂದ ಬಾಯಿಂದಲೇ ಹೊರಗೆ ಹಾಕುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ. ಹಾಗಿದ್ದರೆ ಅದು ಸಸ್ತನಿ ಹೇಗಾಗುತ್ತೆ? ಮರದ ಕೆಳಗೆ ಬಾವಲಿ ಉದುರಿಸಿದ ಕಾಫಿ ಬೀಜ ಆರಿಸಿ ಪುಡಿ ಮಾಡಿಸಬಹುದಾ?

ಉತ್ತರ: ಕೊಡಗಿನಲ್ಲಿ ಅರೇಬಿಕಾ ಕಾಫಿ ಹಣ್ಣಾಗಲು ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಗೋಣಿಕೊಪ್ಪದಿಂದ ಒಬ್ಬರು ಕೇಳಿದರೆ ಮಾರನೇ ವಾರ ಸೋಮವಾರಪೇಟೆಯಿಂದ ಇನ್ನೊಬ್ಬರು ಕೇಳುತ್ತಾರೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಗಲೂ ಕೇಳುತ್ತಿದ್ದರು. ಆಗ ಕೇಳಿದ ಮಕ್ಕಳು ಈಗ ಅಪ್ಪ ಅಮ್ಮ ಆಗಿ, ಅವರ ಮಕ್ಕಳೂ ಅದನ್ನೇ ಕೇಳುತ್ತಿದ್ದಾರೆ. ಒಂದೆರಡು ಸಾಲಿನ ಉತ್ತರ ಯಾರಿಗೂ ಸಾಕಾಗಿಲ್ಲ ಅಂತ ಕಾಣುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಇಲ್ಲ. ಬಾವಲಿಯ ಬಾಯಿ ಬೇರೆ, ಗುದದ್ವಾರ ಬೇರೆ. ಅನ್ನನಾಳ, ಜಠರ, ಕರುಳು, ಕೊನೆಗೆ ಗುದದ್ವಾರ, ಎಲ್ಲವೂ ನಮಗಿರುವ ಕ್ರಮದಲ್ಲೇ ಇವೆ. ಮೂತ್ರಕ್ಕೆ ಬೇರೆಯೇ ದಾರಿ ಇದೆ.

ಸಸ್ತನಿ ಹೌದೋ ಅಲ್ಲವೋ ಅನ್ನುವುದಕ್ಕೆ ಜಾಸ್ತಿ ಮಾತು ಬೇಡ. ಮೈಮೇಲೆ ಕೂದಲಿದೆ. ಹೆಣ್ಣಿಗೆ ಎದೆಯ ಎರಡು ಬದಿಯಲ್ಲಿ, ಕಂಕುಳ ಹತ್ತಿರ ಮೊಲೆ ಇದೆ. ಮರಿ ಗರ್ಭದಲ್ಲಿ ಬೆಳೆದು ಹುಟ್ಟಿ ಹಾಲು ಕುಡಿಯುತ್ತದೆ. ಕಿವಿಯೊಳಗೆ ಮೂರು ಪುಟ್ಟ ಮೂಳೆಗಳಿವೆ. ಕೆಳದವಡೆಯ ಪ್ರತಿ ಬದಿಯೂ ಒಂದೇ ಮೂಳೆಯಿಂದ ಆಗಿದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇದೆ. ಕತ್ತಿನಲ್ಲಿ ಏಳು ಮೂಳೆ, ನಮ್ಮಷ್ಟೇ. ರೆಕ್ಕೆ ಅಂತ ನಾವು ಕರೆಯುವುದು ಉದ್ದವಾಗಿ ಬೆಳೆದ ಬೆರಳುಗಳ ನಡುವೆ ಹಬ್ಬಿದ ತೆಳು ಚರ್ಮ. ಹೆಬ್ಬೆರಳು ಮಾತ್ರ ಚಿಕ್ಕದಾಗಿ ಉಗುರಿನ ಸಮೇತ ಹೊರಗೆ ಉಳಿದಿದೆ. ಹಕ್ಕಿಗೆ ಇರುವ ಗರಿಯೂ ಇಲ್ಲ, ಕೊಕ್ಕೂ ಇಲ್ಲ. ಜಗತ್ತಿನ ಸುಮಾರು 6,500 ಬಗೆಯ ಸಸ್ತನಿಗಳಲ್ಲಿ 1,400ಕ್ಕೂ ಹೆಚ್ಚು ಬಾವಲಿಗಳೇ. ಅಂದರೆ ಐದರಲ್ಲಿ ಒಂದು ಸಸ್ತನಿ ಬಾವಲಿ.

ಇನ್ನು ಬಾಯಿಯ ವಿಚಾರಕ್ಕೆ ಬರೋಣ. ಇದನ್ನು ನಂಬುವವರು ದಡ್ಡರಲ್ಲ. ಅವರು ಕಣ್ಣಾರೆ ನೋಡಿದ್ದನ್ನೇ ಹೇಳುತ್ತಾರೆ. ತಲೆಕೆಳಗಾಗಿ ನೇತಾಡುವ ಬಾವಲಿಯ ಬಾಯಿಂದ ಏನೋ ಒದ್ದೆಯಾದದ್ದು ಬೀಳುತ್ತದೆ. ನೋಡಿದ್ದು ನಿಜ. ಬಿದ್ದದ್ದು ಏನು ಅಂತ ಬಗ್ಗಿ ನೋಡಿದವರು ಮಾತ್ರ ಕಡಿಮೆ.

ಹಣ್ಣು ತಿನ್ನುವ ಬಾವಲಿಗೆ ಹಣ್ಣಿನ ರಸ ಬೇಕು, ನಾರು ಬೇಡ. ಹಣ್ಣನ್ನು ಕಚ್ಚಿ, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಹಿಂಡುತ್ತದೆ. ಅಂಗುಳದ ಮೇಲೆ ಅಡ್ಡಡ್ಡ ದಿಂಡುಗಳಿವೆ, ಹಿಂಡುವುದಕ್ಕೆ ಅವೇ ಆಧಾರ. ರಸ ಒಳಗೆ ಹೋಗುತ್ತದೆ, ಒಣ ಚರಟ ಹೊರಗೆ ಬೀಳುತ್ತದೆ. ನಾವು ಕಬ್ಬು ಜಗಿದು ಸಿಪ್ಪೆ ಉಗುಳುವ ಹಾಗೆಯೇ. ಕಬ್ಬಿನ ಸಿಪ್ಪೆಯನ್ನು ಯಾರೂ ಮಲ ಅನ್ನುವುದಿಲ್ಲ ಅಲ್ವಾ?

ನಂಬಿಕೆ ಬರದಿದ್ದರೆ ಸೀಬೆ ಮರದ ಕೆಳಗೆ ಬೆಳಿಗ್ಗೆ ಒಂದು ಸುತ್ತು ಹೋಗಿ. ಕೈಯಿಂದ ಮುಟ್ಟಬೇಡಿ, ಕಡ್ಡಿಯಿಂದ ಹೊರಳಿಸಿ ನೋಡಿ. ಚಪ್ಪಟೆಯಾದ ಸಣ್ಣ ಉಂಡೆಗಳು ಸಿಗುತ್ತವೆ. ಒಂದು ಮುಖ ಸ್ವಲ್ಪ ಉಬ್ಬಿ, ಇನ್ನೊಂದು ಒಳಕ್ಕೆ ಬಾಗಿರುತ್ತದೆ. ಉಬ್ಬಿದ ಮುಖದಲ್ಲಿ ಅಡ್ಡಗೆರೆಗಳು ಕಂಡರೆ ಅವು ಅಂಗುಳದ ದಿಂಡುಗಳ ಅಚ್ಚು. ಸೀಬೆಯ ವಾಸನೆ ಹಾಗೇ ಇರುತ್ತದೆ. ಕರುಳಿನ ಒಳಗೆ ಹೋಗಿ ಬಂದ ವಸ್ತುವಿನಲ್ಲಿ ಅಂಗುಳದ ಅಚ್ಚು ಉಳಿಯುತ್ತದೆಯೇ?

ಈಗ ಅಲ್ಲೇ ಹತ್ತಿರದ ಗೋಡೆ ನೋಡಿ, ಇಲ್ಲವೇ ಮರದ ಕೆಳಗೆ ನಿಲ್ಲಿಸಿದ ಜೀಪಿನ ಬಾನೆಟ್ ನೋಡಿ. ತೆಳ್ಳಗೆ ಎರಚಿದ ಕಲೆ ಇರುತ್ತದೆ, ಅದರ ತುಂಬ ಅತ್ತಿ ಹಣ್ಣಿನ ಪುಟ್ಟ ಬೀಜಗಳು. ಬಾವಲಿಯ ಹಿಕ್ಕೆ ಅಂದರೆ ಇದು. ಹಣ್ಣು ಬಾವಲಿಯ ಹೊಟ್ಟೆಯಲ್ಲಿ ಆಹಾರ ಬಹಳ ಹೊತ್ತು ನಿಲ್ಲುವುದಿಲ್ಲ. ಅರ್ಧ ಗಂಟೆಯ ಆಸುಪಾಸಿನಲ್ಲೇ ಹೊರಗೆ ಬರುತ್ತದೆ. ಹಾರುತ್ತಲೇ ಹಾಕಿಬಿಡುವುದೂ ಉಂಟು. ಹೊಟ್ಟೆಯಲ್ಲಿ ಭಾರ ಇಟ್ಟುಕೊಂಡು ಹಾರುವುದು ಕಷ್ಟ. ಒಂದೇ ಮರದ ಕೆಳಗೆ ಚರಟವೂ ಹಿಕ್ಕೆಯೂ ಬೇರೆ ಬೇರೆಯಾಗಿ ಬಿದ್ದಿರುವಾಗ ಎರಡಕ್ಕೂ ಒಂದೇ ದಾರಿ ಅಂತ ಹೇಗೆ ಹೇಳುವುದು?

"ಸರಿ, ಆದರೆ ಯಾವಾಗಲೂ ತಲೆ ಕೆಳಗೆ ಇರುತ್ತಲ್ಲ, ತಿಂದದ್ದು ಬಾಯಿಗೇ ಇಳಿಯಬೇಕಲ್ಲ?" ಇದು ಮುಂದಿನ ವಾದ. ತಿಂದದ್ದನ್ನು ಸಾಗಿಸುವುದು ಭೂಮಿಯ ಸೆಳೆತ ಅಲ್ಲ. ಅನ್ನನಾಳದ, ಕರುಳಿನ ಗೋಡೆಯ ಸ್ನಾಯುಗಳು ಅಲೆ ಅಲೆಯಾಗಿ ಬಿಗಿದು ಆಹಾರವನ್ನು ಮುಂದಕ್ಕೆ ತಳ್ಳುತ್ತವೆ. ನಿಮ್ಮ ಹಟ್ಟಿಯ ದನ ತಲೆ ತಗ್ಗಿಸಿ ಬಾನಿಯ ನೀರು ಕುಡಿಯುವಾಗ ನೋಡಿ. ಬಾಯಿ ಕೆಳಗಿದೆ, ಹೊಟ್ಟೆ ಮೇಲಿದೆ. ನೀರು ಮೇಲಕ್ಕೇ ಹೋಗುತ್ತದೆ, ದಿನವೂ.

ಇನ್ನೊಂದು ಸಂಗತಿ ಇದೆ. ಅದನ್ನು ನೋಡಿದರೆ ಈ ವಾದ ಅಲ್ಲಿಗೇ ನಿಲ್ಲುತ್ತದೆ. ದೇವರಕಾಡಿನ ಎತ್ತರದ ಮರಗಳಲ್ಲಿ ಗುಂಪಾಗಿ ನೇತಾಡುವ ದೊಡ್ಡ ಬಾವಲಿಗಳನ್ನು ಹಗಲಲ್ಲಿ ದುರ್ಬೀನಿನಿಂದ ಸುಮ್ನೆ ಸ್ವಲ್ಪ ಹೊತ್ತು ನೋಡಿ. ಆಗಾಗ ಒಂದು ಬಾವಲಿ ರೆಕ್ಕೆಯ ಹೆಬ್ಬೆರಳಿನ ಉಗುರುಗಳನ್ನು ಕೊಂಬೆಗೆ ಸಿಕ್ಕಿಸುತ್ತದೆ, ಕಾಲು ಬಿಡುತ್ತದೆ, ತಲೆ ಮೇಲಾಗಿ ನೇತಾಡುತ್ತದೆ. ಆ ಭಂಗಿಯಲ್ಲಿ ಮಲ ಮೂತ್ರ ಮಾಡಿ, ಮೈ ಒದರಿ, ಮತ್ತೆ ತಲೆಕೆಳಗಾಗುತ್ತದೆ. ತನ್ನ ಮೈ ಕೊಳೆಯಾಗದ ಹಾಗೆ ನೋಡಿಕೊಳ್ಳುವ ಪ್ರಾಣಿ ಅದು. ಅದನ್ನು ಹೊಲಸು ಅಂತ ಕಲ್ಲು ಹೊಡೆಯುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮರಿಯನ್ನೂ ಬಾಯಿಂದಲೇ ಹಾಕುತ್ತೆ ಅನ್ನುತ್ತಾರೆ. ದೊಡ್ಡ ಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮರಿ ಬರುವುದು ಎಲ್ಲ ಸಸ್ತನಿಗಳಂತೆ ಜನನ ದಾರಿಯಿಂದ. ಗರ್ಭಕೋಶಕ್ಕೂ ಬಾಯಿಗೂ ಯಾವ ಕೊಳವೆಯ ಸಂಬಂಧವೂ ಇಲ್ಲ. ಮೊದಲ ಕೆಲವು ವಾರ ತಾಯಿ ಮರಿಯನ್ನು ಎದೆಗೆ ಕಚ್ಚಿಸಿಕೊಂಡೇ ಮೇಯಲು ಹಾರುತ್ತದೆ.

ಹಂಚಿನ ಮನೆಯ ಅಟ್ಟದಲ್ಲಿ ಸೇರಿಕೊಳ್ಳುವ ಚಿಕ್ಕ ಬಾವಲಿಗಳ ಕಥೆ ಬೇರೆ. ಅವು ತಿನ್ನುವುದು ಹುಳ. ರಸ ಹಿಂಡಿ ಉಗುಳುವ ಅಭ್ಯಾಸ ಅವಕ್ಕಿಲ್ಲ. ಅಟ್ಟದಲ್ಲಿ ಬೀಳುವ ಕಪ್ಪು ಕಾಳುಗಳೆಲ್ಲ ಹಿಕ್ಕೆಯೇ. ಇಲಿಯದೋ ಬಾವಲಿಯದೋ ಅಂತ ಅನುಮಾನ ಬಂದರೆ ಒಣಗಿದ್ದನ್ನು ಕಡ್ಡಿಯಿಂದ ಒತ್ತಿ. ಪುಡಿಯಾಗಿ, ಒಳಗೆ ಹುಳದ ರೆಕ್ಕೆ ಚಿಪ್ಪಿನ ಚೂರು ಮಿಂಚಿದರೆ ಬಾವಲಿಯದು. ಇಲಿಯದು ಗಟ್ಟಿ, ಅಷ್ಟು ಸುಲಭವಾಗಿ ಪುಡಿಯಾಗುವುದಿಲ್ಲ.

ಈಗ ಕಾಫಿ ಬೀಜ. ನಮ್ಮ ತೋಟಗಳಲ್ಲಿ ಈ ಗೊಂದಲ ಇಷ್ಟು ಗಟ್ಟಿಯಾಗಿ ಬೇರೂರಲು ಒಂದು ಕಾರಣ ಇದೆ ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಕಾಫಿ ಹಣ್ಣು ತಿನ್ನುವವರಲ್ಲಿ ಮುಖ್ಯರು ಇಬ್ಬರು, ಬಾವಲಿ ಮತ್ತು ಪುನುಗು ಬೆಕ್ಕಿನ ಜಾತಿಯ ಕಬ್ಬೆಕ್ಕು. ಇಬ್ಬರೂ ರಾತ್ರಿ ಬರುತ್ತಾರೆ. ಇಬ್ಬರೂ ಬೀಜ ಬಿಟ್ಟು ಹೋಗುತ್ತಾರೆ. ಬೆಳಿಗ್ಗೆ ಕೆಲಸದವರಿಗೆ ಕಾಣುವುದು ನೆಲದ ಮೇಲಿನ ಬೀಜ ಮಾತ್ರ.

ಕಬ್ಬೆಕ್ಕು ಹಣ್ಣನ್ನು ಬೀಜ ಸಮೇತ ನುಂಗುತ್ತದೆ. ತಿರುಳು ಜೀರ್ಣವಾಗಿ, ಬೀಜ ಅದರ ಮೇಲಿನ ಗಟ್ಟಿ ಸಿಪ್ಪೆಯಾದ ಪಾರ್ಚ್‌ಮೆಂಟ್ ಸಮೇತ ಹಿಕ್ಕೆಯಲ್ಲಿ ಬರುತ್ತದೆ. ಅದು ಒಂದಕ್ಕೊಂದು ಅಂಟಿಕೊಂಡ ಗಂಟಾಗಿ, ಬಿದ್ದ ಮರದ ದಿಮ್ಮಿಯ ಮೇಲೋ ಕಲ್ಲಿನ ಮೇಲೋ ಕಾಲುದಾರಿಯಲ್ಲೋ ಇರುತ್ತದೆ. ಹೊರದೇಶಗಳಲ್ಲಿ ದುಬಾರಿ ಬೆಲೆಗೆ ಹೋಗುವುದು ಇದು.

ಬಾವಲಿಯದು ಹಾಗಲ್ಲ. ತೋಟಕ್ಕೆ ಬರುವ ಕಿರುಮೂತಿಯ ಹಣ್ಣು ಬಾವಲಿ ಸುಮಾರು 50 ಗ್ರಾಂ ತೂಗುತ್ತದೆ. ಅದರ ಅನ್ನನಾಳ ಬಹಳ ಕಿರಿದು. ಅತ್ತಿಯಂಥ ಸಣ್ಣ ಬೀಜ ಇಳಿಯುತ್ತದೆ, ಕಾಫಿ ಬೀಜ ಇಳಿಯುವುದೇ ಇಲ್ಲ. ಅದು ಗಿಡದಲ್ಲೇ ಕೂತು ತಿನ್ನುವುದೂ ಇಲ್ಲ. ಒಂದೊಂದೇ ಹಣ್ಣನ್ನು ಕಚ್ಚಿಕೊಂಡು ಹತ್ತಿರದ ನೆರಳು ಮರಕ್ಕೆ ಹಾರಿ, ಸಿಹಿ ಲೋಳೆ ಚೀಪಿ, ಬೀಜ ಬಿಡುತ್ತದೆ. ಅದಕ್ಕೇ ಒಂದೇ ಕೊಂಬೆಯ ಕೆಳಗೆ ಬಿಡಿ ಬಿಡಿಯಾಗಿ, ಪಾರ್ಚ್‌ಮೆಂಟ್ ಸಮೇತ ಬೀಜ ಹರಡಿರುತ್ತದೆ. ಬೈನೆ ಮರದ ಕೆಳಗೂ ನೋಡಿ. ಈ ಬಾವಲಿಯ ಗಂಡು ಬೈನೆಯ ಗೊಂಚಲಿನ ಒಳ ಎಳೆಗಳನ್ನು ಕಚ್ಚಿ ಕತ್ತರಿಸಿ, ನೇತಾಡಲು ಗೂಡಿನಂಥ ಜಾಗ ಮಾಡಿಕೊಳ್ಳುತ್ತದೆ.

ಕಬ್ಬೆಕ್ಕಿನ ಬೀಜ ಹಿಂದಿನಿಂದ, ಬಾವಲಿಯ ಬೀಜ ಮುಂದಿನಿಂದ. ಎರಡನ್ನೂ ಒಂದೇ ಬುಟ್ಟಿಗೆ ಆರಿಸಿದಾಗ ಎರಡೂ ಹಿಕ್ಕೆಯ ಬೀಜ ಅನ್ನಿಸಿಕೊಂಡವು. ಬಾವಲಿಯದು ಬಾಯಿಂದ ಬಿದ್ದದ್ದನ್ನು ಜನ ನೋಡಿಯೂ ಇದ್ದರು. ಅಲ್ಲಿಂದ "ಬಾಯಿಂದಲೇ ಹಿಕ್ಕೆ" ಅನ್ನುವ ತೀರ್ಮಾನ ದೂರವೇನಲ್ಲ.

ಪುಡಿ ಮಾಡಿಸಬಹುದಾ? ಹುರಿಯುವಾಗ ಬೀಜದ ಬಿಸಿ 200 ಡಿಗ್ರಿಯ ಹತ್ತಿರ ಹೋಗುತ್ತದೆ, ಅಲ್ಲಿ ರೋಗಾಣು ಉಳಿಯುವುದಿಲ್ಲ. ಎಚ್ಚರ ಬೇಕಾಗಿರುವುದು ಅದಕ್ಕೂ ಮೊದಲು. ಹಣ್ಣು ಬಾವಲಿಗಳ ಎಂಜಲು, ಮೂತ್ರದಲ್ಲಿ ನಿಪಾ ವೈರಸ್ ಇರುವ ಸಾಧ್ಯತೆ ಇದೆ. 2018ರಲ್ಲಿ ಪಕ್ಕದ ಕೇರಳದ ಕಲ್ಲಿಕೋಟೆ ಕಡೆ ನಿಪಾ ಹರಡಿ ಹಲವರು ಸತ್ತದ್ದು ನಮಗೆಲ್ಲ ನೆನಪಿದೆ. ಬರಿಗೈಯಲ್ಲಿ ಆರಿಸಬೇಡಿ, ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಮಕ್ಕಳ ಕೈಯಲ್ಲಿ ಆರಿಸುವ ಕೆಲಸ ಮಾಡಿಸಬೇಡಿ. ಬಾವಲಿ ಕಚ್ಚಿದ ಸೀಬೆ, ಮಾವು ತಿನ್ನಲೇಬೇಡಿ, ಕಚ್ಚಿದ ಜಾಗ ಕೊಯ್ದು ತೆಗೆದರೂ ಬೇಡ. ಹಾಗಂತ ಮರ ಕಡಿಯುವುದು, ಪಟಾಕಿ ಹೊಡೆದು ಓಡಿಸುವುದು ಪರಿಹಾರ ಅಲ್ಲ. ಹೆದರಿದ ಬಾವಲಿ ಬೇರೆ ಊರಿಗೆ ಹೋಗುತ್ತದೆ ಅಷ್ಟೆ. ಅತ್ತಿ, ಬಸರಿಯ ಬೀಜ ಹರಡುವ ಕೆಲಸ ಮಾತ್ರ ನಿಲ್ಲುತ್ತದೆ. 1972ರ ವನ್ಯಜೀವಿ ಕಾಯ್ದೆ ಹಣ್ಣು ಬಾವಲಿಯನ್ನು ಇಲಿ, ಕಾಗೆಯ ಜೊತೆ ಪಿಡುಗು ಅಂತ ಪಟ್ಟಿ ಮಾಡಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರು. ಒಳ್ಳೆಯದಾಯಿತು.

ಹಾಗಾದರೆ ಮಲ, ಮೂತ್ರ, ಸಂತಾನ ಎಲ್ಲಕ್ಕೂ ಒಂದೇ ದ್ವಾರ ಇರುವ ಸಸ್ತನಿ ಇಲ್ಲವೇ ಇಲ್ಲವಾ? ಯಾರೂ ಕೇಳಲಿಲ್ಲ, ಆದರೆ ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. ಇದೆ, ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯಲ್ಲಿ. ಪ್ಲಾಟಿಪಸ್ ಒಂದು, ಮುಳ್ಳು ಮೈಯ ಎಕಿಡ್ನಾ ನಾಲ್ಕು ಬಗೆ. ಇವು ಮೊಟ್ಟೆ ಇಡುತ್ತವೆ, ಆದರೂ ಮರಿಗೆ ಹಾಲು ಕೊಡುತ್ತವೆ. ಮೊಲೆತೊಟ್ಟು ಇಲ್ಲ, ಹಾಲು ಹೊಟ್ಟೆಯ ಚರ್ಮದಿಂದ ಜಿನುಗುತ್ತದೆ. ಆ ಒಂದೇ ದ್ವಾರವೂ ಹಿಂದೆಯೇ ಇದೆ, ಬಾಯಲ್ಲಿ ಅಲ್ಲ. ಸಸ್ತನಿಗಳ ಮೂರು ದೊಡ್ಡ ಗುಂಪುಗಳಲ್ಲಿ ಇದು ಮೊದಲನೆಯದು. ಕಾಂಗರೂವಿನಂತೆ ತೀರಾ ಎಳೆಯ ಮರಿ ಹೆತ್ತು, ಹೆಚ್ಚಾಗಿ ಚೀಲದಲ್ಲಿ ಬೆಳೆಸುವವು ಎರಡನೆಯದು. ಮಾಸು ಇದ್ದು, ಗರ್ಭದಲ್ಲೇ ಮರಿಯನ್ನು ಚೆನ್ನಾಗಿ ಬೆಳೆಸುವವು ಮೂರನೆಯದು. ಕೊಡಗಿನಲ್ಲಿರುವ ಸಸ್ತನಿಗಳೆಲ್ಲ ಈ ಮೂರನೆಯ ಗುಂಪಿನವೇ.

ಈ ಗುಂಪಿನೊಳಗೆ ಬಾವಲಿ ಯಾರ ನೆಂಟ? ಹಾರುವ ಇಲಿ ಅನ್ನುವವರು ಬಹಳ. ಅದೂ ತಪ್ಪು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಸಸ್ತನಿಗಳನ್ನು ವಿಂಗಡಿಸಿದಾಗ, ಮುಂಬಲ್ಲು ಮತ್ತು ಎದೆಯ ಎರಡು ಮೊಲೆ ನೋಡಿ ಬಾವಲಿಯನ್ನು ಮನುಷ್ಯ, ಮಂಗಗಳ ಜೊತೆಗೇ ಸೇರಿಸಿದ್ದರು. 1990ರ ದಶಕದ ಕೊನೆಯಿಂದ ಡಿಎನ್‌ಎ ಹೋಲಿಸಿ ನೋಡಿದಾಗ ಚಿತ್ರ ಬದಲಾಯಿತು. ಬಾವಲಿ ಇರುವ ಕವಲಿನಲ್ಲೇ ದನ, ಹಂದಿ, ಕುದುರೆ, ನಾಯಿ, ಹುಲಿ, ತಿಮಿಂಗಿಲ, ಚಿಪ್ಪುಹಂದಿ ಇವೆ. ಕಬ್ಬೆಕ್ಕೂ ಅಲ್ಲೇ ಇದೆ. ಅಂದರೆ ನಿಮ್ಮ ಕಾಫಿ ಹಣ್ಣು ತಿನ್ನುವ ಇಬ್ಬರೂ ಒಂದೇ ಕವಲಿನವರು. ಇಲಿ, ಮುಳ್ಳುಹಂದಿ, ಮೊಲ, ಕಾಡುಪಾಪ, ಮುಸುವ, ಮನುಷ್ಯ ಇನ್ನೊಂದು ಕವಲು. ದೇವರಕಾಡಿನಲ್ಲಿ ಸಂಜೆ ಕಳೆದ ಮೇಲೆ ಮರದಿಂದ ಮರಕ್ಕೆ ತೇಲುವ ಹಾರುಬೆಕ್ಕು ಅಳಿಲಿನ ಜಾತಿ, ಹಾಗಾಗಿ ಅದೂ ನಮ್ಮ ಕವಲಿಗೇ ಸೇರುತ್ತದೆ. ರೆಕ್ಕೆ ಬಡಿದು ನಿಜವಾಗಿ ಹಾರುವ ಸಸ್ತನಿ ಬಾವಲಿ ಒಂದೇ. ಹಾರುಬೆಕ್ಕು ಮೈಯ ಚರ್ಮ ಬಿಡಿಸಿ ಮೇಲಿಂದ ಕೆಳಕ್ಕೆ ಜಾರುತ್ತದೆ.

ಎದೆಯ ಮೊಲೆಯನ್ನು ನಂಬಿ ನೆಂಟಸ್ತನ ಹೇಳಬಾರದು ಅನ್ನುವುದಕ್ಕೆ ದುಬಾರೆ ಶಿಬಿರದ ಆನೆಯೇ ಸಾಕ್ಷಿ. ಹೆಣ್ಣಾನೆಯ ಎರಡು ಮೊಲೆ ಇರುವುದು ಹಿಂಗಾಲಿನ ಹತ್ತಿರ ಅಲ್ಲ, ಮುಂಗಾಲುಗಳ ನಡುವೆ. ಮರಿ ಸೊಂಡಿಲನ್ನು ಪಕ್ಕಕ್ಕೆ ಮಡಚಿ ಬಾಯಿಂದ ಹಾಲು ಕುಡಿಯುತ್ತದೆ. ಆದರೂ ಆನೆ ನಮ್ಮ ಕವಲೂ ಅಲ್ಲ, ಬಾವಲಿಯ ಕವಲೂ ಅಲ್ಲ. ಅದು ಆಫ್ರಿಕಾದಲ್ಲಿ ಹುಟ್ಟಿದ ಬೇರೆಯೇ ಕವಲು. ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ತೀರಾ ಹತ್ತಿರದ ನೆಂಟರಲ್ಲಿ ಒಂದು ಕಡಲಹಸು. ಮನ್ನಾರ್ ಕೊಲ್ಲಿಯಲ್ಲಿ ಸಮುದ್ರದ ಹುಲ್ಲು ಮೇಯುವ ಆ ಪ್ರಾಣಿಯನ್ನು ನೋಡಲು ನೀವು ತಮಿಳುನಾಡಿನ ಕರಾವಳಿಗೇ ಹೋಗಬೇಕು.