ಪದ ಪರಿಚಯ: ಕತೆಯ ‘ವಾತಾವರಣ’

ಹೆದರಿಸುವ ಸಣ್ಣಕತೆಯ ಬಗ್ಗೆ ಯಾರೇ ಬರೆಯಲಿ, ಒಂದು ಸಾಲು ತಪ್ಪದೆ ಬರುತ್ತದೆ: ‘ಲೇಖಕರು ಭಯಾನಕ ವಾತಾವರಣ ಸೃಷ್ಟಿಸಿದ್ದಾರೆ.’ ಹೇಗೆ ಸೃಷ್ಟಿಸಿದ್ದಾರೆ ಎಂದು ಮುಂದೆ ಓದಿದರೆ ಅಮಾವಾಸ್ಯೆ, ಪಾಳುಬಂಗಲೆ, ಗುಡುಗು ಮಳೆ, ದೂರದಲ್ಲಿ ಊಳಿಡುವ ನಾಯಿ. ವಾತಾವರಣದ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ‘ಪಾತ್ರಗಳು’ ಅಂತ ಇನ್ನೊಂದು ಉಪಶೀರ್ಷಿಕೆ, ಅದರ ಕೆಳಗೆ ನಾಯಕ ಧೈರ್ಯವಂತ, ಮುದುಕಿ ನಿಗೂಢ ಎಂಬಂಥ ಮಾತು. ಅಮಾವಾಸ್ಯೆ, ಬಂಗಲೆ, ಮಳೆ ಇವೆಲ್ಲ ಕತೆಯ ದೇಶಕಾಲ, ಅಂದರೆ ಹಿನ್ನೆಲೆ. ಅದನ್ನು ವಾತಾವರಣ ಅನ್ನುವುದು ತಪ್ಪು. ವಾತಾವರಣವನ್ನೂ ಪಾತ್ರವನ್ನೂ ಎರಡು ಉಪಶೀರ್ಷಿಕೆಗಳಾಗಿ ಕತ್ತರಿಸಿ ಹಾಕುವುದು ಅದಕ್ಕಿಂತ ದೊಡ್ಡ ತಪ್ಪು.

ಗೊಂದಲದ ಬೇರು ನಮ್ಮ ದಿನಬಳಕೆಯಲ್ಲೇ ಇದೆ. ‘ಇವತ್ತು ವಾತಾವರಣ ತಂಪಾಗಿದೆ’ ಅನ್ನುತ್ತೇವೆ. ಅಲ್ಲಿ ಬೇಕಾದ ಪದ ಹವಾಮಾನ, ಅಥವಾ ಬರೀ ಹವೆ. ಅರಬ್ಬಿಯ ‘ಹವಾ’ ಪಾರಸಿಯ ದಾರಿಯಲ್ಲಿ ನಮ್ಮಲ್ಲಿಗೆ ಬಂದು ಹವೆಯಾಯಿತು. ಅದಕ್ಕೆ ಸಂಸ್ಕೃತದ ‘ಮಾನ’ ಸೇರಿ ಹವಾಮಾನ, ‘ಗುಣ’ ಸೇರಿ ಹವಾಗುಣ. ಮಾನ ಅಂದರೆ ಅಳತೆ. ಇಷ್ಟು ಡಿಗ್ರಿ ಸೆಕೆ, ಇಷ್ಟು ಮಿಲಿಮೀಟರ್ ಮಳೆ ಎಂದು ಅಳೆದು ಹೇಳಬಹುದಾದದ್ದು ಹವಾಮಾನ. ಅದು ಯಾರೂ ಇಲ್ಲದ ಬಯಲಲ್ಲೂ ಇರುತ್ತದೆ.

ವಾತಾವರಣದ ಕಟ್ಟಡವೇ ಬೇರೆ. ವಾತ + ಆವರಣ, ಸವರ್ಣದೀರ್ಘ ಸಂಧಿ. ಮುಚ್ಚು, ಸುತ್ತುವರಿ ಎಂಬ ಅರ್ಥದ ‘ವೃ’ ಧಾತುವಿಗೆ ‘ಆ’ ಸೇರಿ ಆವರಣ. ಶಾಲೆಯ ಆವರಣ, ದೇವಸ್ಥಾನದ ಆವರಣ ಅನ್ನುವಾಗ ಇರುವುದು ಇದೇ. ಆವರಣ ಎಂದಮೇಲೆ ಒಳಗೆ ಏನಾದರೂ ಇರಲೇಬೇಕು. ಬರೀ ಆವರಣ ಎಂಬುದಿಲ್ಲ. ಭೂಮಿ ಒಳಗಿದೆ, ಗಾಳಿ ಅದನ್ನು ಸುತ್ತುವರಿದಿದೆ, ಆದ್ದರಿಂದ ಆ ಗಾಳಿ ವಾತಾವರಣ. ಇಂಗ್ಲಿಷಿನ ‘ಅಟ್ಮಾಸ್ಫಿಯರ್’ ಗ್ರೀಕಿನ ಆವಿ ಮತ್ತು ಗೋಳ ಎಂಬ ಎರಡು ಪದಗಳನ್ನು ಕೂಡಿಸಿ 17ನೇ ಶತಮಾನದಲ್ಲಿ ವಿಜ್ಞಾನದ ಮಾತಾಗಿ ಹುಟ್ಟಿತು. ಸಾಹಿತ್ಯದ ಅರ್ಥ ಅದಕ್ಕೆ ಆಮೇಲೆ ಬಂತು. ನಮ್ಮ ಪದದಲ್ಲಿ ಗೋಳದ ಬದಲು ಆವರಣವಿದೆ. ಕತೆಯ ಮಟ್ಟಿಗೆ ಇದು ಹೆಚ್ಚು ಒಪ್ಪುವ ಪದ, ಏಕೆಂದರೆ ಅದು ಕೂಡಲೇ ಒಂದು ಪ್ರಶ್ನೆ ಎತ್ತುತ್ತದೆ: ಯಾರನ್ನು ಆವರಿಸಿದೆ?

‘ಆ ಮನೆಯ ವಾತಾವರಣ ಸರಿಯಿಲ್ಲ, ಹೆಣ್ಣು ಕೊಡಬೇಡಿ’ ಎಂದು ಯಾರಾದರೂ ಹೇಳಿದರೆ ಅಲ್ಲಿ ಮಳೆ ಸೋರುತ್ತದೆ ಎಂದು ಯಾರೂ ತಿಳಿಯುವುದಿಲ್ಲ. ಅಲ್ಲಿರುವ ಜನ, ಅವರು ಒಬ್ಬರಿಗೊಬ್ಬರು ಆಡುವ ಮಾತು, ಆಡದೆ ನುಂಗಿಕೊಂಡ ಮಾತು, ಅದರ ನಡುವೆ ಬದುಕಬೇಕಾದ ಹುಡುಗಿಯ ಪಾಡು, ಇಷ್ಟನ್ನೂ ಆ ಒಂದು ಪದದಲ್ಲಿ ಕೇಳಿಸಿಕೊಳ್ಳುತ್ತೇವೆ. ಈ ಬಳಕೆ ಸರಿಯಾದದ್ದು. ಕತೆಯ ವಿಮರ್ಶೆ ಬರೆಯಲು ಕೂತ ತಕ್ಷಣ ಇದನ್ನು ಮರೆತು ಹವಾಮಾನ ವರದಿಗೆ ಇಳಿಯುವುದೇಕೆ?

ಕಾವ್ಯಮೀಮಾಂಸೆ ಓದಿದವರಿಗಂತೂ ಈ ತಪ್ಪು ಮಾಡಲು ನೆಪವೇ ಇಲ್ಲ. ನಾಟ್ಯಶಾಸ್ತ್ರದ 6ನೇ ಅಧ್ಯಾಯದಲ್ಲಿ ಭರತ ಭಯಾನಕ ರಸದ ವಿಭಾವಗಳನ್ನು, ಅಂದರೆ ಆ ರಸ ಹುಟ್ಟಲು ಕಾರಣವಾಗುವ ಸಂಗತಿಗಳನ್ನು, ಹೆಸರಿಸುತ್ತಾನೆ: ವಿಕಾರವಾದ ಸದ್ದು, ನರಿ ಗೂಬೆಗಳಿಂದ ಹುಟ್ಟುವ ದಿಗಿಲು, ಬರಿದಾದ ಮನೆಗೋ ಕಾಡಿಗೋ ಹೋಗುವುದು, ತನ್ನವರ ಸಾವನ್ನೋ ಸೆರೆಯನ್ನೋ ಕಾಣುವುದು, ಕೇಳುವುದು. ಮೇಲುನೋಟಕ್ಕೆ ಇದೂ ಬಂಗಲೆ-ಗೂಬೆಯ ಪಟ್ಟಿಯೇ. ಆದರೆ ‘ಶೂನ್ಯಾಗಾರ’ ಎಂದಷ್ಟೇ ಹೇಳಿ ಬಿಟ್ಟಿಲ್ಲ, ಅಲ್ಲಿಗೆ ‘ಗಮನ’ ಎಂದಿದೆ. ಹೋಗುವ ಒಬ್ಬ ಬೇಕು. ನಂತರದ ಆಲಂಕಾರಿಕರು ಇದನ್ನು ಬಿಡಿಸಿಟ್ಟರು: ಯಾವುದಕ್ಕೆ ಹೆದರಿಕೆಯೋ ಅದು ಆಲಂಬನ, ಹೆದರಿಕೆಯನ್ನು ಕೆರಳಿಸುವ ಸುತ್ತಣ ಸಂಗತಿಗಳು ಉದ್ದೀಪನ, ಹೆದರುವವನು ಆಶ್ರಯ, ಅವನ ಮೈಯಲ್ಲಿ ಕಾಣುವ ನಡುಕ, ದನಿಯ ಒಡಕು, ಮುಖದ ಬಣ್ಣಗೇಡು ಇತ್ಯಾದಿ ಅನುಭಾವ. (ವಚನಕಾರರ ಅನುಭಾವಕ್ಕೂ ಇದಕ್ಕೂ ಸಂಬಂಧವಿಲ್ಲ, ಇದನ್ನೂ ಬೆರೆಸಿ ಬರೆಯುವವರಿದ್ದಾರೆ.) ವಿಮರ್ಶೆಯಲ್ಲಿ ನಾವು ವಾತಾವರಣ ಎಂದು ಕರೆಯುವುದು ಬರೀ ಉದ್ದೀಪನವಲ್ಲ. ಉದ್ದೀಪನ ಒಂದು ಆಶ್ರಯವನ್ನು ತಾಕಿದಾಗ ಹುಟ್ಟುವುದು ಅದು.

ಭಯಾನಕಕ್ಕೆ ನಾಟ್ಯಶಾಸ್ತ್ರದ ವ್ಯಾಖ್ಯಾನಕಾರ ಅಭಿನವಗುಪ್ತ ಆರಿಸಿಕೊಂಡ ಉದಾಹರಣೆ ನೋಡಿ: ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆ. ಅಮಾವಾಸ್ಯೆಯಿಲ್ಲ, ಗೂಬೆಯಿಲ್ಲ. ಕೊರಳು ಹೊರಳಿಸಿ ಮತ್ತೆ ಮತ್ತೆ ರಥದತ್ತ ನೋಡುತ್ತದೆ. ಬಾಣ ಬಿದ್ದೀತೆಂದು ಹಿಂಭಾಗವನ್ನು ಮುಂದಕ್ಕೆ ಸೆಳೆದುಕೊಂಡಿದೆ. ದಣಿದು ತೆರೆದ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತಿದೆ. ಒಂದು ನಿಮಿಷದ ಹಿಂದೆ ಅದು ನಿಶ್ಚಿಂತೆಯಿಂದ ಮೇಯುತ್ತಿತ್ತು ಎಂಬುದನ್ನು ಆ ಉದುರಿದ ಹುಲ್ಲು ಹೇಳುತ್ತದೆ. ಭಯವಿರುವುದು ಕಾಡಿನಲ್ಲಲ್ಲ, ಜಿಂಕೆಯ ಮೈಯಲ್ಲಿ.

ಈಗ ಒಂದು ಸಣ್ಣಕತೆಗೆ ಬರೋಣ. ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ ‘ದಿ ಮಂಕೀಸ್ ಪಾ’ ಅನೇಕರು ಓದಿರುವ ಕತೆ: ಮೂರು ಕೋರಿಕೆ ಈಡೇರಿಸುವ, ಒಣಗಿದ ಕೋತಿಯ ಪಂಜ, ಇನ್ನೂರು ಪೌಂಡ್ ಬೇಡಿದ ತಂದೆ, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಮಗ, ಪರಿಹಾರವಾಗಿ ಬಂದ ಸರಿಯಾಗಿ ಇನ್ನೂರು ಪೌಂಡ್. ಇದರ ವಿಶ್ಲೇಷಣೆಗಳೆಲ್ಲ ಮೊದಲ ಸಾಲಿನ ಚಳಿ, ಮಳೆಯ ರಾತ್ರಿಯನ್ನು ತೋರಿಸಿ ‘ವಾತಾವರಣ’ ಎಂದು ಗುರುತು ಹಾಕುತ್ತವೆ. ಅದೇ ಸಾಲಿನಲ್ಲಿ ಪರದೆ ಎಳೆದ ಕೋಣೆ, ಚೆನ್ನಾಗಿ ಉರಿಯುವ ಬೆಂಕಿ ಇದೆ ಎಂಬುದನ್ನು ಬಿಟ್ಟುಬಿಡುತ್ತವೆ. ತಂದೆ ಮಗ ಚದುರಂಗ ಆಡುತ್ತಿದ್ದಾರೆ. ತಂದೆ ತನ್ನ ರಾಜನನ್ನು ಬೇಡದ ಅಪಾಯಕ್ಕೆ ಒಡ್ಡುವ ಆಟಗಾರ. ತಪ್ಪು ನಡೆ ಇಟ್ಟಾದ ಮೇಲೆ ಅದು ಮಗನ ಕಣ್ಣಿಗೆ ಬೀಳದಿರಲೆಂದು ‘ಗಾಳಿ ಹೇಗೆ ಬೀಸ್ತಿದೆ ಕೇಳು’ ಅನ್ನುತ್ತಾನೆ. ಸೋತ ಕೂಡಲೇ ದಾರಿಯ ಕೆಸರಿನ ಮೇಲೆ, ಊರಾಚೆಯ ಮನೆಯ ಮೇಲೆ ರೇಗುತ್ತಾನೆ. ಕತೆಯೊಳಗೆ ಗಾಳಿ ಬಂದದ್ದು ಅವನು ತಪ್ಪು ಮುಚ್ಚಿಕೊಳ್ಳಲು, ಕೆಸರು ಬಂದದ್ದು ಸೋಲನ್ನು ಒಪ್ಪಲಾರದೆ. ಹವಾಮಾನ ವಾತಾವರಣವಾಗುವುದು ಹೀಗೆ. ವಿಧಿಯನ್ನು ಕೆಣಕಿ, ಕೈಮೀರಿದ ಮೇಲೆ ಹಿಂದೆಗೆದುಕೊಳ್ಳಲು ನೋಡುವ ಮನುಷ್ಯನನ್ನು ಪಂಜ ಬರುವ ಮೊದಲೇ ಜೇಕಬ್ಸ್ ತೋರಿಸಿಬಿಟ್ಟಿದ್ದಾನೆ.

ಮಾರನೆಯ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಚಳಿಗಾಲದ ಬಿಸಿಲು. ಹಿನ್ನೆಲೆಯೇ ವಾತಾವರಣ ಎನ್ನುವವರ ಲೆಕ್ಕದಲ್ಲಿ ಇಲ್ಲಿ ಹೆದರಿಕೆಗೆ ಎಡೆಯಿಲ್ಲ. ಆದರೆ ಆಮೇಲೆ ಹೊರಗೆ ಒಬ್ಬ ಕಾಣಿಸಿಕೊಳ್ಳುತ್ತಾನೆ: ಒಳ್ಳೆಯ ಉಡುಪು, ಹೊಸದಾಗಿ ಮಿರುಗುವ ರೇಶಿಮೆ ಟೋಪಿ. ಮೂರು ಸಲ ಗೇಟಿನ ಹತ್ತಿರ ತಡೆಯುತ್ತಾನೆ, ನಾಲ್ಕನೆಯ ಸಲ ಅದರ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಇನ್ನೂರು ಪೌಂಡನ್ನು ಮನಸ್ಸಿನಲ್ಲಿಟ್ಟುಕೊಂಡ ತಾಯಿ ಟೋಪಿಯ ಹೊಸತನವನ್ನು ಗಮನಿಸುತ್ತಾಳೆ, ಅವಸರದಿಂದ ಏಪ್ರನ್ ಬಿಚ್ಚಿ ಕುರ್ಚಿಯ ದಿಂಬಿನಡಿ ತುರುಕುತ್ತಾಳೆ. ಒಳಗೆ ಬಂದವನು ಮಾತು ಹೊರಡದೆ ಬಗ್ಗಿ ಪ್ಯಾಂಟಿಗೆ ಅಂಟಿದ ಹತ್ತಿಯ ಎಳೆಯೊಂದನ್ನು ತೆಗೆಯುತ್ತಾನೆ. ಇಡೀ ಕತೆಯಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವ ವಿವರ ಇದೇ. ಸಾವಿನ ಸುದ್ದಿ ಹೊತ್ತು ತಂದವನ ಕೈ ಹತ್ತಿಯ ಎಳೆ ಹುಡುಕುತ್ತಿದೆ. ಇದಕ್ಕೆ ಮಳೆಯ ಸಹಾಯ ಬೇಕಿಲ್ಲ.

ಕೊನೆಯ ಭಾಗ ಈ ಪದಕ್ಕೆ ಒರೆಗಲ್ಲು. ಮಗ ಬದುಕಿ ಬರಲಿ ಎಂದು ಹೆಂಡತಿಯ ಒತ್ತಾಯಕ್ಕೆ ಬೇಡಿದ್ದಾಗಿದೆ. ಮೇಣದಬತ್ತಿ ಆರಿದೆ. ಕಡ್ಡಿ ಗೀರುತ್ತ ಮೆಟ್ಟಿಲಿಳಿದ ಮುದುಕನಿಗೆ ಕೇಳಿಯೂ ಕೇಳದಂಥ ಒಂದು ಬಡಿತ ಕೇಳಿಸುತ್ತದೆ. ಬೆಂಕಿಕಡ್ಡಿಗಳು ಕೈಯಿಂದ ಚೆಲ್ಲುತ್ತವೆ. ಅದೇನು ಸದ್ದು ಎಂದು ಹೆಂಡತಿ ಕೇಳಿದರೆ ನಡುಗುವ ದನಿಯಲ್ಲಿ ‘ಇಲಿ’ ಅನ್ನುತ್ತಾನೆ. ವೇಪಥು (ನಡುಕ), ಸ್ವರಭೇದ (ದನಿಯ ಒಡಕು) ಎರಡೂ ಇಲ್ಲಿವೆ, ‘ಅವನು ಹೆದರಿದ’ ಎಂಬ ಷರಾ ಬೇಕಾಗಿಲ್ಲ. ಅದೇ ಬಡಿತ ಕೇಳಿ ತಾಯಿ ‘ನಮ್ಮ ಹರ್ಬರ್ಟ್!’ ಎಂದು ಬಾಗಿಲಿಗೆ ಓಡುತ್ತಾಳೆ, ಅಗುಳಿ ಎಟುಕದೆ ಕುರ್ಚಿ ಎಳೆಯುತ್ತಾಳೆ. ಸದ್ದು ಒಂದೇ, ಕತ್ತಲೆ ಒಂದೇ, ಮನೆ ಒಂದೇ. ತಾಯಿಗೆ ಅದು ವಾತ್ಸಲ್ಯದ ಉದ್ದೀಪನ, ತಂದೆಗೆ ಭಯದ್ದು. ಏಕೆಂದರೆ ಹೆಣ ನೋಡಿದವನು ತಂದೆ. ಬಟ್ಟೆಯಿಂದಷ್ಟೇ ಮಗನ ಗುರುತು ಹಿಡಿದಿದ್ದ. ಈ ಒಂದು ಸಂಗತಿ ಬಿಟ್ಟು ಬರೆದ ‘ವಾತಾವರಣ ವಿಶ್ಲೇಷಣೆ’ಯಲ್ಲಿ ಏನೂ ಉಳಿಯುವುದಿಲ್ಲ.

ವಿಶ್ಲೇಷಣೆ ಬರೆಯುವವರು ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಇಡೀ ಕತೆಯ ವಾತಾವರಣ ಎಂದು ಹೊರಡದೆ ವರ್ಣನೆಯ ಒಂದೇ ವಾಕ್ಯ ಎತ್ತಿಕೊಳ್ಳಿ. ಅದನ್ನು ಕಾಣುತ್ತಿರುವವರು, ಕೇಳುತ್ತಿರುವವರು ಯಾರೆಂದು ಬರೆದುಕೊಳ್ಳಿ. ಆ ಜಾಗದಲ್ಲಿ ಕತೆಯ ಇನ್ನೊಂದು ಪಾತ್ರವನ್ನು ನಿಲ್ಲಿಸಿ ಓದಿ: ವಾಕ್ಯ ಹಾಗೆಯೇ ನಿಂತರೆ ಅದು ಹಿನ್ನೆಲೆ, ಬದಲಾಗಲೇಬೇಕಾದರೆ ವಾತಾವರಣ. ಆಮೇಲೆ ಅದೇ ವಸ್ತು ಕತೆಯಲ್ಲಿ ಮೊದಲು ಎಲ್ಲಿ ಬಂದಿತ್ತು ಎಂದು ಹಿಂದಕ್ಕೆ ಹುಡುಕಿ. ಕೊನೆಗೆ ತೆರೆಯಬಾರದಾದ ಬಾಗಿಲನ್ನು ಮೊದಲ ರಾತ್ರಿ ಇದೇ ಮುದುಕ ಅತಿಥಿಗಾಗಿ ಅವಸರದಿಂದ ಎದ್ದುಹೋಗಿ ತೆರೆದಿದ್ದ. ಹೀಗೆ ಎರಡು ಜಾಗ ಹೊಂದಿಸಿ ಬರೆದರೆ ಪಾತ್ರದ ವಿಶ್ಲೇಷಣೆ ಅದರೊಳಗೇ ಬಂದುಬಿಡುತ್ತದೆ. ಎಡವುವುದು ಹೆಚ್ಚಾಗಿ ವಿಶೇಷಣಗಳಲ್ಲಿ. ‘ನಿಗೂಢ’, ‘ಭಯಾನಕ’, ‘ರೋಮಾಂಚಕ’ ಇವು ಓದುಗನಿಗೆ ಆದ ಪರಿಣಾಮದ ಹೆಸರು, ಕತೆಯೊಳಗಿನ ಸಾಕ್ಷಿಯಲ್ಲ. ಬರೆದಾದ ಮೇಲೆ ಅವನ್ನೆಲ್ಲ ಹೊಡೆದುಹಾಕಿ; ಉಳಿದ ಕ್ರಿಯಾಪದಗಳು ಸಾಲದಿದ್ದರೆ ಕತೆಯನ್ನು ಇನ್ನೊಮ್ಮೆ ಓದಬೇಕು.

ಇನ್ನೊಂದು ಮಾತು. ಈ ಕತೆಯನ್ನು ‘ಬೀಭತ್ಸ’ ಎನ್ನುವುದೂ ನಡೆದಿದೆ. ಬೀಭತ್ಸದ ಸ್ಥಾಯಿ, ಅಂದರೆ ಆ ರಸದ ಬೇರಿನಲ್ಲಿರುವ ಭಾವ, ಜುಗುಪ್ಸೆ, ಭಯವಲ್ಲ. ಯಂತ್ರಕ್ಕೆ ಸಿಕ್ಕ ದೇಹ ಹೇಗಿತ್ತೆಂದು ಜೇಕಬ್ಸ್ ಎಲ್ಲೂ ಬಣ್ಣಿಸುವುದಿಲ್ಲ. ತಾಯಿ ಅಗುಳಿ ತೆಗೆಯುವ ಹೊತ್ತಿಗೆ ತಂದೆ ಮೂರನೆಯ ಕೋರಿಕೆ ಮುಗಿಸಿರುತ್ತಾನೆ, ಬಾಗಿಲಾಚೆ ಬೀದಿದೀಪ ಮತ್ತು ಬರಿ ರಸ್ತೆ ಮಾತ್ರ. ಇದನ್ನು ನಾಟಕವಾಗಿಯೋ ಕಿರುಚಿತ್ರವಾಗಿಯೋ ಮಾಡುವವರು ಆ ಹೊಸ್ತಿಲ ಮೇಲೆ ಬಣ್ಣ ಬಳಿದ ದೇಹವೊಂದನ್ನು ನಿಲ್ಲಿಸಿದರೆ ಪ್ರೇಕ್ಷಕ ಮುಖ ಸಿಂಡರಿಸುತ್ತಾನೆ, ಆ ಕ್ಷಣಕ್ಕೆ ರಸ ಬದಲಾಗಿರುತ್ತದೆ. ತಾಯಿಯ ಕಿವಿಯೂ ತಂದೆಯ ಕಿವಿಯೂ ಕೇಳಿದ ಎರಡು ಬೇರೆ ಬೇರೆ ಬಡಿತಗಳಿಗೆ ಅಲ್ಲಿ ಜಾಗವಿರುವುದಿಲ್ಲ.