ಓದು ಬಾರದ ಗುಲಾಮರಿಗೆ ಪ್ಯಾರಿಸ್ಸಿನ ಮಾತು ಮುಟ್ಟಿದ್ದು ಹೇಗೆ?

ಪ್ರಶ್ನೆ: ಫ್ರಾನ್ಸಿನ ಕ್ರಾಂತಿಯ ಪ್ರಭಾವದಿಂದ ಹೈಟಿಯ ಗುಲಾಮರು ದಂಗೆಯೆದ್ದರು ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಕಬ್ಬಿನ ಗದ್ದೆಯಲ್ಲಿ ಜೀವ ತೇಯುತ್ತಿದ್ದ, ಅಕ್ಷರವೇ ಗೊತ್ತಿಲ್ಲದ ಆ ಜನಕ್ಕೆ ರೂಸೋ, ವೋಲ್ಟೇರರಂಥ ಫ್ರೆಂಚ್ ಚಿಂತಕರ ವಿಚಾರ ತಿಳಿದದ್ದಾದರೂ ಹೇಗೆ?

ಉತ್ತರ: ದಂಗೆಯ ಕಾಲದಲ್ಲಿ ಬಿಳಿಯ ಸೈನಿಕರು ಒಬ್ಬ ದಂಗೆಕೋರನನ್ನು ಹಿಡಿದು ಕೊಂದರು. ಅವನ ಮೈ ತಡಕಿದಾಗ ಏನೇನು ಸಿಕ್ಕಿತೆಂದು ಅವರ ಕಡೆಯವನೊಬ್ಬ ಬರೆದಿಟ್ಟಿದ್ದಾನೆ. ಒಂದು ಜೇಬಿನಲ್ಲಿ ಮನುಷ್ಯನ ಹಕ್ಕುಗಳ ಬಗ್ಗೆ ಫ್ರಾನ್ಸಿನಲ್ಲಿ ಅಚ್ಚಾದ ಕರಪತ್ರಗಳು. ಇನ್ನೊಂದರಲ್ಲಿ ಬೆಂಕಿ ಹೊತ್ತಿಸುವ ಸಾಮಾನು. ಎದೆಯ ಮೇಲೆ, ನಮ್ಮಲ್ಲಿ ತಾಯಿತ ಕಟ್ಟಿಕೊಳ್ಳುವ ಹಾಗೆ, ಕೂದಲು, ಸೊಪ್ಪು, ಮೂಳೆಚೂರು ತುಂಬಿದ ಪುಟ್ಟ ಚೀಲ.

ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಇದರಲ್ಲೇ ಇದೆ. ಪಠ್ಯಪುಸ್ತಕಗಳು ಮೊದಲನೆಯ ಜೇಬನ್ನು ಮಾತ್ರ ನೋಡುತ್ತವೆ.

ಕೆರಿಬಿಯನ್ ಸಮುದ್ರದ ಈಗಿನ ಹೈಟಿ ಆಗ ಸಾನ್ ಡೊಮಾಂಗ್ ಎಂಬ ಫ್ರೆಂಚ್ ವಸಾಹತು. 1789ರ ಹೊತ್ತಿಗೆ ಅಲ್ಲಿ ಸುಮಾರು 30 ಸಾವಿರ ಬಿಳಿಯರು, ಹತ್ತಿರಹತ್ತಿರ ಅಷ್ಟೇ ಸ್ವತಂತ್ರ ಕರಿಯರು ಮತ್ತು ಮಿಶ್ರ ವರ್ಣದವರು, ಸುಮಾರು 5 ಲಕ್ಷ ಗುಲಾಮರು ಇದ್ದರು. ಯುರೋಪಿನ ಸಕ್ಕರೆ, ಕಾಫಿಯ ದೊಡ್ಡ ಪಾಲು ಬರುತ್ತಿದ್ದದ್ದು ಈ ಒಂದೇ ನೆಲದಿಂದ. ಅದೇ ವರ್ಷ ಆಗಸ್ಟ್ 26ರಂದು ಪ್ಯಾರಿಸ್ಸಿನ ರಾಷ್ಟ್ರೀಯ ಸಭೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲ ವಿಧಿ, ಮನುಷ್ಯರು ಹುಟ್ಟುತ್ತಲೇ ಸ್ವತಂತ್ರರು, ಹಕ್ಕಿನಲ್ಲಿ ಸಮಾನರು ಎನ್ನುತ್ತದೆ. ಕೊನೆಯ 17ನೆಯ ವಿಧಿ, ಆಸ್ತಿ ಪವಿತ್ರವಾದದ್ದು, ಅದನ್ನು ಮುಟ್ಟುವಂತಿಲ್ಲ ಎನ್ನುತ್ತದೆ. ತೋಟದ ಯಜಮಾನರ ಲೆಕ್ಕದಲ್ಲಿ ಗುಲಾಮರೇ ಆಸ್ತಿ. ಹಾಗಾಗಿ ಅವರು ಹಿಡಿದದ್ದು ಕೊನೆಯ ವಿಧಿಯನ್ನು, ಗುಲಾಮರು ಹಿಡಿದದ್ದು ಮೊದಲನೆಯದನ್ನು.

ಆದರೆ ಆ ಮಾತು ಗುಲಾಮರ ಕಿವಿಗೆ ಬಿದ್ದದ್ದು ಹೇಗೆ? ಮೊದಲನೆಯದಾಗಿ, ಯಜಮಾನರ ಬಾಯಿಂದಲೇ. ವಸಾಹತಿನ ಬಿಳಿಯರಿಗೂ ಪ್ಯಾರಿಸ್ಸಿನ ಸರ್ಕಾರದ ಮೇಲೆ ಸಿಟ್ಟಿತ್ತು, ವ್ಯಾಪಾರದ ಕಟ್ಟುಪಾಡುಗಳಿಂದ ಬಿಡುಗಡೆ ಬೇಕಿತ್ತು. ಊಟದ ಮೇಜಿನ ಸುತ್ತ ಕೂತು ಸ್ವಾತಂತ್ರ್ಯ, ಹಕ್ಕು ಎಂದು ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದರು. ಬಡಿಸುತ್ತಾ ನಿಂತವರಿಗೆ ಕಿವಿ ಇದೆಯೆಂಬುದು ಅವರಿಗೆ ಹೊಳೆಯಲೇ ಇಲ್ಲ. ಎರಡನೆಯದು ಬಂದರು. ಹಡಗಿನಿಂದ ಇಳಿದ ನಾವಿಕರು ಪ್ಯಾರಿಸ್ಸಿನ ಸುದ್ದಿಯನ್ನು ದಕ್ಕೆಯಲ್ಲಿ ಹೇಳಿದರೆ ಅದು ಸಂತೆಗೆ, ಸಂತೆಯಿಂದ ತೋಟಗಳಿಗೆ ಹರಿಯುತ್ತಿತ್ತು. ಗಾಡಿ ಹೊಡೆಯುವವರಿಗೆ ಊರೂರು ತಿರುಗುವ ಅವಕಾಶವಿತ್ತು. ಮುಂದೆ ಕ್ರಾಂತಿಯ ನಾಯಕನಾದ ಟೂಸಾಂ ಲೂವರ್ತೂರ್ ಒಂದು ಕಾಲಕ್ಕೆ ಬ್ರೆಡಾ ತೋಟದ ಗಾಡಿ ಹೊಡೆಯುತ್ತಿದ್ದವನು, ಓದಲೂ ಕಲಿತಿದ್ದ. ಗುಂಪಿಗೆ ಅಂಥ ಒಬ್ಬ ಸಿಕ್ಕರೆ ಸಾಕಿತ್ತು.

ಮೂರನೆಯದು ಗಾಳಿಸುದ್ದಿ. ರಾಜನು ಗುಲಾಮರಿಗೆ ವಾರಕ್ಕೆ 3 ದಿನ ಬಿಡುವು ಕೊಟ್ಟಿದ್ದಾನೆ, ಯಜಮಾನರು ಆ ಆಜ್ಞೆಯನ್ನು ಮುಚ್ಚಿಟ್ಟಿದ್ದಾರೆ ಎಂಬ ಮಾತು ತೋಟದಿಂದ ತೋಟಕ್ಕೆ ಹಬ್ಬಿತು. ಅಂಥ ಆಜ್ಞೆ ಇರಲೇ ಇಲ್ಲ. ಆದರೂ ದೊಡ್ಡ ದೊಡ್ಡ ಗ್ರಂಥಗಳಿಂದ ಆಗದ ಕೆಲಸ ಈ ಸುದ್ದಿಯಿಂದ ಆಯಿತೆಂದೇ ನನಗನಿಸುತ್ತದೆ. ನಮಗೆ ಸಲ್ಲಬೇಕಾದದ್ದನ್ನು ಯಾರೋ ಬಚ್ಚಿಟ್ಟಿದ್ದಾರೆ ಎಂದು ಒಮ್ಮೆ ಅನಿಸಿದ ಮೇಲೆ ಜನ ಸುಮ್ಮನೆ ಕೂರುವುದಿಲ್ಲ. 1791ರ ಆಗಸ್ಟ್ 22ರ ರಾತ್ರಿ ಉತ್ತರದ ಕಬ್ಬಿನ ತೋಟಗಳಿಗೆ ಬೆಂಕಿ ಬಿತ್ತು.

ಇನ್ನು ಆ ತಾಯಿತದ ವಿಷಯ. ಗುಲಾಮರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಫ್ರಿಕದಲ್ಲೇ ಹುಟ್ಟಿದವರು, ಅವರಲ್ಲಿ ಅನೇಕರು ಕಾಂಗೋ ರಾಜ್ಯದ ಯುದ್ಧಗಳನ್ನು ಕಂಡವರು. ಮಕಾಯ ಎಂಬ ದಂಗೆಯ ನಾಯಕನನ್ನು 1793ರಲ್ಲಿ, ರಾಜನನ್ನು ಕಿತ್ತೊಗೆದ ಫ್ರಾನ್ಸಿನ ಗಣರಾಜ್ಯದ ಕಡೆಗೆ ಬಾ ಎಂದು ಕರೆದಾಗ, ತಾನು ಮೂವರು ರಾಜರ ಪ್ರಜೆ ಎಂದ: ಕರಿಯರೆಲ್ಲರ ಒಡೆಯನಾದ ಕಾಂಗೋದ ರಾಜ, ತಂದೆಯ ಸ್ಥಾನದಲ್ಲಿರುವ ಫ್ರಾನ್ಸಿನ ರಾಜ, ತಾಯಿಯ ಸ್ಥಾನದಲ್ಲಿರುವ ಸ್ಪೇನಿನ ರಾಜ. ಇದರಲ್ಲಿ ರೂಸೋ ಎಲ್ಲಿದ್ದಾನೆ? ನ್ಯಾಯ ಯಾವುದು, ಒಳ್ಳೆಯ ರಾಜ ಎಂದರೆ ಯಾರು ಎಂಬ ತಿಳಿವಳಿಕೆ ಈ ಜನರಲ್ಲಿ ಮೊದಲೇ ಇತ್ತು. ಪ್ಯಾರಿಸ್ಸಿನ ಮಾತು ಬಂದು ಅದರ ಜೊತೆಗೆ ಸೇರಿಕೊಂಡಿತು. ರೂಸೋನಂಥವರ ವಿಚಾರಗಳ, ಅಂದರೆ ಜ್ಞಾನೋದಯದ, ಬೆಳಕು ಯುರೋಪಿನಿಂದ ಹೋಗಿ ಕತ್ತಲಲ್ಲಿದ್ದವರನ್ನು ಎಬ್ಬಿಸಿತು ಎಂಬ ವಿವರಣೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ದಂಗೆಯ ಒತ್ತಡಕ್ಕೆ ಮಣಿದು 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಶಾಸನಸಭೆ ಫ್ರಾನ್ಸಿನ ಎಲ್ಲ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತು. ಆ ಸಭೆಯಲ್ಲಿ ಸಾನ್ ಡೊಮಾಂಗ್‌ನ ಪ್ರತಿನಿಧಿಯಾಗಿ ಕೂತಿದ್ದವರಲ್ಲಿ ಜಾನ್ ಬಾಪ್ತಿಸ್ತ್ ಬೆಲೆ ಒಬ್ಬ. ಹಿಂದೆ ಗುಲಾಮನಾಗಿದ್ದವನು. ಚಿತ್ರಕಾರ ಜಿರೋದೆ ಬರೆದ ಅವನ ಚಿತ್ರ ವರ್ಸಾಯ್ ಅರಮನೆಯಲ್ಲಿದೆ: ಗುಲಾಮಗಿರಿಯನ್ನು ಖಂಡಿಸಿದ್ದ ರೇನಾಲ್ ಎಂಬ ಚಿಂತಕನ ಅಮೃತಶಿಲೆಯ ಪ್ರತಿಮೆಗೆ ಬೆಲೆ ಒರಗಿ ನಿಂತಿದ್ದಾನೆ. ಪ್ರತಿಮೆಯ ಕಡೆಗೆ ಅವನ ನೋಟವೇ ಇಲ್ಲ, ಕಣ್ಣು ದೂರದಲ್ಲಿ ನೆಟ್ಟಿದೆ.

1802ರಲ್ಲಿ ನೆಪೋಲಿಯನ್ ವಸಾಹತನ್ನು ಮತ್ತೆ ಬಗ್ಗಿಸಲು ದೊಡ್ಡ ಸೈನ್ಯ ಕಳಿಸಿದ. ಕ್ರೆತ್-ಆ-ಪಿಯೆರೋ ಕೋಟೆಗೆ ಮುತ್ತಿಗೆ ಹಾಕಿದ್ದ ಫ್ರೆಂಚ್ ಸೈನಿಕರಿಗೆ ರಾತ್ರಿ ಒಳಗಿನಿಂದ ಹಾಡು ಕೇಳಿಸಿತು, ತಮ್ಮದೇ ಕ್ರಾಂತಿಯ ಹಾಡುಗಳು. ಹಾಗಾದರೆ ನ್ಯಾಯ ಅವರ ಕಡೆಗಿದೆಯೇ, ನಾವಿನ್ನೂ ಗಣರಾಜ್ಯದ ಸೈನಿಕರು ಹೌದೇ ಎಂದು ತನ್ನವರು ಕಳವಳಪಟ್ಟರೆಂದು ಜನರಲ್ ಲಕ್ರುವಾ ನೆನಪಿಸಿಕೊಂಡಿದ್ದಾನೆ. ಟೂಸಾಂನನ್ನು ಸೆರೆಹಿಡಿದು ಫ್ರಾನ್ಸಿಗೆ ಒಯ್ದರು, ಅಲ್ಲಿನ ಚಳಿಯ ಕೋಟೆಯಲ್ಲಿ 1803ರಲ್ಲಿ ಸತ್ತ. ಆದರೂ 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು.

ಅಲ್ಲಿಂದ ಮುಂದೆ ಪ್ರಭಾವ ಹರಿದದ್ದು ಹೈಟಿಯಿಂದ ಹೊರಕ್ಕೆ. ದಕ್ಷಿಣ ಅಮೆರಿಕದಲ್ಲಿ ಸ್ಪೇನಿನ ವಿರುದ್ಧ ಹೋರಾಡಿ ಸೋತು ಬಂದ ಸಿಮೋನ್ ಬೊಲಿವಾರ್‌ಗೆ 1816ರಲ್ಲಿ ಹಡಗು, ಬಂದೂಕು ಕೊಟ್ಟು ಕಳಿಸಿದವನು ಹೈಟಿಯ ಅಧ್ಯಕ್ಷ ಪೆತಿಯೋಂ. ಗೆದ್ದ ನೆಲದಲ್ಲಿ ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ಪ್ರತಿಯಾಗಿ ಕೇಳಿದ.

ಯಜಮಾನರು ಮಾತ್ರ ತಮ್ಮ 17ನೆಯ ವಿಧಿಯನ್ನು ಬಿಟ್ಟಿರಲಿಲ್ಲ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಹೋದ ಆಸ್ತಿಗೆ ಪರಿಹಾರವೆಂದು 15 ಕೋಟಿ ಫ್ರಾಂಕ್ ಕೇಳಿತು. 1838ರಲ್ಲಿ ಅದು 9 ಕೋಟಿಗೆ ಇಳಿಯಿತು. ಅದನ್ನು ಕಟ್ಟಲು ಮಾಡಿದ ಸಾಲ, ಆ ಸಾಲ ತೀರಿಸಲು ಮಾಡಿದ ಸಾಲ ಎಂದು ಬೆಳೆಯುತ್ತಾ ಹೋಗಿ, ಹೈಟಿ ಕೊನೆಯ ಕಂತು ಕಟ್ಟಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ.